ನಾವೆಯ ವಿವರ: ಪೂಜ್ಯಪಾದರ ಒಂದು ದೃಷ್ಟಾಂತ ಮತ್ತು ಮಾದರಿ ಹಡಗಿನ ಕಟ್ಟಣೆ

ಸಂಸಾರವನ್ನು ಸಾಗರವೆಂದೂ ಧರ್ಮವನ್ನು ನಾವೆಯೆಂದೂ ಹೇಳುವ ರೂಪಕವು ಜೈನ ಸಾಹಿತ್ಯದಲ್ಲಿ ಎಷ್ಟು ಬಳಕೆಯಾಗಿದೆಯೆಂದರೆ, ಓದುವಾಗ ಅದರಲ್ಲಿ ನಮಗೆ ಸಾಗರವೂ ಕಾಣುವುದಿಲ್ಲ, ನಾವೆಯೂ ಕಾಣುವುದಿಲ್ಲ. ಚಿಕ್ಕೋಡಿ ತಾಲೂಕಿನ ಕರೋಶಿಯಂತಹ ಊರಿನಲ್ಲಿ ಸ್ವಾಧ್ಯಾಯಕ್ಕೆ ಕುಳಿತವರಿಗಂತೂ ಕಡಲು ಸಹ್ಯಾದ್ರಿಯ ಆಚೆಗಿನ ಸಂಗತಿ. ಕೃಷ್ಣೆ, ದೂಧಗಂಗೆಗಳ ದೋಣಿಯನ್ನು ಕಂಡ ಅನುಭವದ ಮೇಲೆಯೇ ನಾವು ಶಾಸ್ತ್ರದ ಮಹಾನೌಕೆಯನ್ನೂ ಊಹಿಸಿಕೊಳ್ಳುತ್ತೇವೆ. ಈ ಊಹೆಯಲ್ಲಿ ಏನು ಕಳೆದುಹೋಗುತ್ತದೆ, ಮರದ ಮಾದರಿ ಹಡಗನ್ನು ಕಟ್ಟುವ ಕೈಗೆಲಸವು ಅದನ್ನು ಹೇಗೆ ಮರಳಿ ಕೊಡಬಲ್ಲದು ಎಂಬುದನ್ನು ಒಂದು ದೃಷ್ಟಾಂತದ ಮೂಲಕ ಪರಿಶೀಲಿಸುವುದು ಈ ಲೇಖನದ ಉದ್ದೇಶ.

ಆ ದೃಷ್ಟಾಂತವು ಆಚಾರ್ಯ ಪೂಜ್ಯಪಾದರ ‘ಸರ್ವಾರ್ಥಸಿದ್ಧಿ’ಯಲ್ಲಿದೆ. ಕ್ರಿ.ಶ. 5-6ನೆಯ ಶತಮಾನದ ಸುಮಾರಿಗೆ ಕನ್ನಡನಾಡಿನಲ್ಲಿದ್ದ ಪೂಜ್ಯಪಾದರು ತತ್ತ್ವಾರ್ಥಸೂತ್ರದ ಒಂಬತ್ತನೆಯ ಅಧ್ಯಾಯದಲ್ಲಿ ಬರುವ ಹನ್ನೆರಡು ಅನುಪ್ರೇಕ್ಷೆಗಳನ್ನು ವಿವರಿಸುತ್ತ ಸಂವರಾನುಪ್ರೇಕ್ಷೆಗೆ ಹಡಗಿನ ಹೋಲಿಕೆಯನ್ನು ತರುತ್ತಾರೆ. ಮಹಾಸಮುದ್ರದಲ್ಲಿರುವ ನಾವೆಯ ‘ವಿವರ’ವನ್ನು ಮುಚ್ಚದಿದ್ದರೆ ನೀರು ಕ್ರಮೇಣ ಸ್ರವಿಸಿ ತುಂಬಿ, ಅದನ್ನು ಆಶ್ರಯಿಸಿದವರ ನಾಶ ತಪ್ಪದು, ಮುಚ್ಚಿದರೆ ಅವರು ನಿರುಪದ್ರವವಾಗಿ ಬಯಸಿದ ದೇಶವನ್ನು ಸೇರುತ್ತಾರೆ ಎಂಬುದು ಅದರ ತಾತ್ಪರ್ಯ. ಶ್ವೇತಾಂಬರ ಆಗಮವಾದ ಉತ್ತರಾಧ್ಯಯನದ ಇಪ್ಪತ್ತಮೂರನೆಯ ಅಧ್ಯಯನದಲ್ಲಿಯೂ ಕೇಶಿ-ಗೌತಮ ಸಂವಾದದ ನಡುವೆ ಇದೇ ನಾವೆ ಬರುತ್ತದೆ. ಅಲ್ಲಿ ದಡ ಸೇರದ ನಾವೆಗೆ ‘ಅಸ್ಸಾವಿಣೀ’ ಎಂಬ ವಿಶೇಷಣವಿದೆ. ಆಸ್ರವ ಎಂಬ ಪಾರಿಭಾಷಿಕ ಪದದ ಧಾತುವೇ ಇದರಲ್ಲಿಯೂ ಇದೆ. ಅರ್ಥಾತ್ ಸೋರುವ ಹಡಗು ಆಸ್ರವತತ್ತ್ವಕ್ಕೆ ಹೊರಗಿನಿಂದ ತಂದು ಅಂಟಿಸಿದ ಅಲಂಕಾರವಲ್ಲ. ಪದದ ಮೂಲದಲ್ಲಿಯೇ ಸೋರಿಕೆಯಿದೆ.

ಪ್ರಶ್ನೆ ಇಷ್ಟೇ: ಸಮುದ್ರಕ್ಕೆ ಇಳಿದ ಹಡಗಿನಲ್ಲಿ ‘ವಿವರ’ ಎಲ್ಲಿರುತ್ತದೆ? ನಾವು ಸಾಮಾನ್ಯವಾಗಿ ಹಲಗೆಗೆ ಬಿದ್ದ ಒಂದು ತೂತನ್ನು ಕಲ್ಪಿಸಿಕೊಳ್ಳುತ್ತೇವೆ. ತೂತು ಅಪಘಾತ, ಒಮ್ಮೆ ಮುಚ್ಚಿದರೆ ಮುಗಿಯಿತು. ಹಾಗಾದರೆ ನೀರು ‘ಕ್ರಮದಿಂದ’ ತುಂಬುತ್ತದೆ ಎಂದು ಆಚಾರ್ಯರು ಒತ್ತಿ ಹೇಳಿದ್ದೇಕೆ?

ಕಾವ್ಯ ಶಾಸನಗಳು ಇದಕ್ಕೆ ಉತ್ತರಿಸುವುದಿಲ್ಲ. ಐಹೊಳೆಯ ಮೇಗುತಿ ಜಿನಾಲಯದ ಕ್ರಿ.ಶ. 634-35ರ ಪ್ರಶಸ್ತಿಯಲ್ಲಿ ಜೈನಕವಿ ರವಿಕೀರ್ತಿಯು ಪಶ್ಚಿಮ ಸಮುದ್ರದ ಲಕ್ಷ್ಮಿಯಂತಿದ್ದ ಪುರಿಯನ್ನು ಇಮ್ಮಡಿ ಪುಲಿಕೇಶಿ ಮುತ್ತಿದ್ದನ್ನು ವರ್ಣಿಸುತ್ತ, ಅವನ ನೂರಾರು ನಾವೆಗಳನ್ನು ಮದಗಜಗಳ ಸಮೂಹಕ್ಕೆ ಹೋಲಿಸುತ್ತಾನೆ. ಧಾರವಾಡದ ಬಳಿಯ ನರೇಂದ್ರದ 1125ರ ಶಾಸನವು ಗೋವಾ ಕದಂಬರ ಅರಸನೊಬ್ಬನು ಲಂಕೆಯವರೆಗೆ ಹಡಗುಗಳ ಸೇತುವೆಯನ್ನೇ ಕಟ್ಟಿದನೆಂದು ಹೊಗಳುತ್ತದೆ. ಮೂರನೆಯ ಮಂಗರಸನು ಕನ್ನಡಕ್ಕೆ ತಂದ ಶ್ರೀಪಾಲನ ಕಥೆಯಲ್ಲಿ ನಾಯಕನು ಹಡಗಿನಿಂದ ಕಡಲಿಗೆ ದೂಡಲ್ಪಡುತ್ತಾನೆ. ಇವೆಲ್ಲವುಗಳಲ್ಲಿ ಹಡಗಿನ ಸಂಖ್ಯೆ, ಗಾಂಭೀರ್ಯ, ವಿಪತ್ತು ಇವೆ. ಒಂದು ಹಲಗೆ ಇನ್ನೊಂದಕ್ಕೆ ಹೇಗೆ ಕೂಡಿತ್ತು ಎಂಬುದಿಲ್ಲ. ಕವಿಯ ದೋಷವೇನೂ ಅಲ್ಲ. ಅದು ಅವನ ಕೆಲಸವಲ್ಲ.

ನಿಘಂಟು ಸ್ವಲ್ಪ ಹೆಚ್ಚು ಹೇಳುತ್ತದೆ. ಅಮರಕೋಶದ ವಾರಿವರ್ಗದಲ್ಲಿ ಕೂವೆಮರಕ್ಕೆ ಕೂಪಕ, ಗುಣವೃಕ್ಷಕ ಎಂಬ ಪದಗಳೂ, ಹುಟ್ಟಿಗೆ ಕ್ಷೇಪಣಿಯೂ, ಚುಕ್ಕಾಣಿಗೆ ಅರಿತ್ರ, ಕೇನಿಪಾತಕಗಳೂ ಇವೆ. ಅದೇ ಸಾಲಿನಲ್ಲಿ ಸೇಕಪಾತ್ರ, ಅಂದರೆ ಒಳಗಿನ ನೀರನ್ನು ಮೊಗೆದು ಚೆಲ್ಲುವ ಪಾತ್ರೆ, ಹಡಗಿನ ಸಹಜ ಉಪಕರಣವಾಗಿ ಸೇರಿದೆ. ಗುಣವೃಕ್ಷಕ ಎಂದರೆ ಹಗ್ಗದ ಮರ. ಕೂವೆಮರವು ತನ್ನ ಬಲದಿಂದಲ್ಲ, ನಾಲ್ಕೂ ದಿಕ್ಕಿನ ಹಗ್ಗಗಳ ಬಿಗಿತದಿಂದ ನಿಲ್ಲುತ್ತದೆ ಎಂಬ ತಿಳಿವಳಿಕೆ ಈ ಒಂದೇ ಪದದಲ್ಲಿದೆ. ಆದರೆ ‘ನಾವೆಯ ಕಂಬ’ ಎಂದಷ್ಟೇ ಅರ್ಥ ಬರೆದುಕೊಂಡು ಮುಂದೆ ಹೋಗುವ ನಮಗೆ ಆ ಹಗ್ಗ ಕೈಗೆ ಸಿಗುವುದಿಲ್ಲ.

ಭೋಜನ ಹೆಸರಿನಲ್ಲಿರುವ ‘ಯುಕ್ತಿಕಲ್ಪತರು’ ಹಡಗುಗಳ ಅಳತೆಯನ್ನೇ ಕೊಡುತ್ತದೆ. ರಾಧಾಕುಮುದ ಮುಖರ್ಜಿ 1912ರ ತಮ್ಮ ಭಾರತೀಯ ನೌಕಾಯಾನದ ಇತಿಹಾಸಗ್ರಂಥದಲ್ಲಿ ಇವನ್ನು ಪ್ರಚಾರಕ್ಕೆ ತಂದರು. ‘ಮಂಥರಾ’ ಎಂಬ ನಾವೆಯ ಉದ್ದ 120, ಅಗಲ 60, ಎತ್ತರ 60 ಹಸ್ತ. ‘ದೀರ್ಘಿಕಾ’ ಎಂಬುದರ ಉದ್ದ 32, ಅಗಲ 4, ಎತ್ತರ 3.2 ಹಸ್ತ. ಕಾಗದದ ಮೇಲೆ ಇವು ನಿಖರವಾಗಿ ಕಾಣುತ್ತವೆ. ಹಸ್ತಕ್ಕೆ ಅರ್ಧ ಸೆಂಟಿಮೀಟರಿನಂತೆ ಮರದ ತುಂಡಿನಲ್ಲಿ ಕೆತ್ತಿದರೆ ಮೊದಲನೆಯದು 60 ಸೆಂ.ಮೀ. ಉದ್ದದ, ಅಗಲದಷ್ಟೇ ಎತ್ತರವಿರುವ ಪೆಟ್ಟಿಗೆಯಾಗುತ್ತದೆ. ಎರಡನೆಯದು ಹಾವಿನಂತಹ ಕಿರುದೋಣಿ. ಇಂತಹ ಸಂಖ್ಯೆಗಳು ಕಡಲಬಡಗಿಯ ಕಟ್ಟಣೆಯ ಅಳತೆಗಳಿಗಿಂತ ಶಾಸ್ತ್ರಕಾರನ ವರ್ಗೀಕರಣದ ಅನುಪಾತಗಳಾಗಿರುವ ಸಂಭವವೇ ಹೆಚ್ಚು. ಇದನ್ನು ತಿಳಿಸಿದ್ದು ಇನ್ನೊಂದು ಗ್ರಂಥವಲ್ಲ, ಮರದ ತುಂಡು. ಅದೇ ಗ್ರಂಥವು ಸಮುದ್ರದ ಹಡಗಿಗೆ ಕಬ್ಬಿಣವನ್ನು ನಿಷೇಧಿಸಿ, ಕಡಲಿನ ಅಯಸ್ಕಾಂತವು ಅದನ್ನು ಸೆಳೆಯುತ್ತದೆಂಬ ಕಾರಣವನ್ನು ಹೇಳುತ್ತದೆ. ಕಾರಣವು ಕಲ್ಪಿತವಾದರೂ ಆಚರಣೆ ನಿಜ. ಪಶ್ಚಿಮ ಕರಾವಳಿಯಿಂದ ಅರಬ್ ತೀರದವರೆಗೆ ಹಲಗೆಗಳನ್ನು ಮೊಳೆಯಿಲ್ಲದೆ, ತೆಂಗಿನ ನಾರಿನ ಹುರಿಯಿಂದ ಹೊಲಿದು ಹಡಗು ಕಟ್ಟುವ ಪದ್ಧತಿ ಶತಮಾನಗಳ ಕಾಲ ಇತ್ತು.

ಹೊಲಿದ ಹಡಗನ್ನು ಇಂದು ನೋಡಬೇಕೆಂದರೆ ನಮ್ಮ ರಾಜ್ಯದ ಕಾರವಾರವನ್ನೇ ನೆನೆಯಬೇಕು. 2025ರ ಮೇ 21ರಂದು ಅಲ್ಲಿನ ನೌಕಾನೆಲೆಯಲ್ಲಿ ‘ಕೌಂಡಿನ್ಯ’ ಎಂಬ ಹೊಲಿದ ಹಾಯಿಹಡಗು ಭಾರತೀಯ ನೌಕಾಪಡೆಗೆ ಸೇರಿತು. ಕೇಂದ್ರ ಸಂಸ್ಕೃತಿ ಸಚಿವಾಲಯ, ನೌಕಾಪಡೆ ಹಾಗೂ ಗೋವೆಯ ಹಡಗುಕಟ್ಟೆಯೊಂದು 2023ರ ಜುಲೈಯಲ್ಲಿ ಮಾಡಿಕೊಂಡ ಒಪ್ಪಂದದಂತೆ, ಕೇರಳದ ಕುಶಲಕರ್ಮಿ ಬಾಬು ಶಂಕರನ್ ಅವರ ನೇತೃತ್ವದಲ್ಲಿ ಇದನ್ನು ಕಟ್ಟಲಾಯಿತು. ಇದಕ್ಕೆ ಆಧಾರವಾಗಿ ಇದ್ದದ್ದು ಅಜಂತಾದ ಎರಡನೆಯ ಗುಹೆಯ ಒಂದು ವರ್ಣಚಿತ್ರ. 5ನೆಯ ಶತಮಾನದ ಆ ಚಿತ್ರದಲ್ಲಿ ಮೂರು ಕೂವೆಮರಗಳೂ ಎತ್ತರದ ಚೌಕ ಹಾಯಿಗಳೂ ಹಿಂಬದಿಯ ಚುಕ್ಕಾಣಿ ಹುಟ್ಟುಗಳೂ ಸಾಲಾಗಿ ಇಟ್ಟ ಕೊಡಗಳೂ ಕಾಣುತ್ತವೆ. ಚಿತ್ರಕಾರನು ಬರೆಯದೆ ಬಿಟ್ಟದ್ದು ನೀರಿನ ಕೆಳಗಿನ ಒಡಲು ಮತ್ತು ಒಳಗಿನ ಕಟ್ಟಣೆ. ಪೂಜ್ಯಪಾದರ ಹೋಲಿಕೆಗೆ ಬೇಕಾದದ್ದೂ ಅದೇ. ಆ ಭಾಗವನ್ನು ಊಹೆಯಿಂದ ರೂಪಿಸಬೇಕಾಗಿದ್ದರಿಂದ ಹಡಗಿನ ಸಣ್ಣ ಪ್ರತಿಕೃತಿಯನ್ನು ಮದರಾಸಿನ ಐಐಟಿಯ ಸಾಗರ ತಂತ್ರಜ್ಞಾನ ವಿಭಾಗದ ನೆರವಿನಿಂದ ನೀರಿನಲ್ಲಿ ಪರೀಕ್ಷಿಸಲಾಯಿತು. ಚಿತ್ರಕ್ಕೂ ಹಡಗಿಗೂ ನಡುವೆ ಮಾದರಿಯು ಸೇತುವೆಯಾಯಿತು. 2025ರ ಡಿಸೆಂಬರಿನಲ್ಲಿ ಪೋರಬಂದರದಿಂದ ಹೊರಟ ಆ ಹಡಗು ಮುಂದಿನ ತಿಂಗಳು ಮಸ್ಕತ್ತನ್ನು ಸೇರಿತು.

ಇಂತಹ ಹಡಗಿನ ಮಾದರಿಯನ್ನು ಮನೆಯ ಮೇಜಿನ ಮೇಲೆ ಕಟ್ಟುವುದು ಅಸಾಧ್ಯವಲ್ಲ. ಮಾದರಿ ಹಡಗು ಕಟ್ಟುವ ಕಲೆಯಲ್ಲಿ ಮೂರು ಪದ್ಧತಿಗಳು ಪ್ರಸಿದ್ಧವಾಗಿವೆ: ಒಂದೇ ತುಂಡನ್ನು ಕೆತ್ತುವುದು, ನೀರಿನ ಮಟ್ಟಗಳ ಆಕಾರಕ್ಕೆ ಕತ್ತರಿಸಿದ ಹಲಗೆಗಳನ್ನು ಒಂದರ ಮೇಲೊಂದು ಅಂಟಿಸಿ ನಯಗೊಳಿಸುವುದು, ಅಡಿಮರಕ್ಕೆ ಪಕ್ಕೆಲುಬುಗಳನ್ನು ನಿಲ್ಲಿಸಿ ಮೇಲೆ ಹಲಗೆ ಹೊದಿಸುವುದು. ಸೂಕ್ಷ್ಮ ಮಾದರಿಗಳಿಗೆ ಮೂರನೆಯದೇ ಶ್ರೇಷ್ಠವೆನಿಸಿದೆ. 17ನೆಯ ಶತಮಾನದ ಇಂಗ್ಲೆಂಡಿನ ನೌಕಾಮಾದರಿಗಳಲ್ಲಿ ಕೆಳಭಾಗಕ್ಕೆ ಹಲಗೆ ಹೊದಿಸದೆ ಪಕ್ಕೆಲುಬುಗಳನ್ನು ತೆರೆದೇ ಇಡುತ್ತಿದ್ದರು. ಆದರೆ ಹೊಲಿದ ಹಡಗಿಗೆ ಈ ಕ್ರಮ ಹೊಂದುವುದಿಲ್ಲ. ಇಲ್ಲಿ ಮೊದಲು ಹಲಗೆಗಳ ಚಿಪ್ಪು, ಅನಂತರ ಪಕ್ಕೆಲುಬು. ಪಾಶ್ಚಾತ್ಯ ಕೈಪಿಡಿಯನ್ನು ಹಾಗೆಯೇ ಅನುಸರಿಸಿದವನು ಹೊರಗೆ ಅಜಂತಾದ ಹಡಗನ್ನೂ ಒಳಗೆ ಯೂರೋಪಿನ ಹಡಗನ್ನೂ ಕಟ್ಟಿದಂತಾಗುತ್ತದೆ.

ಮಾಪವನ್ನು 1:24 ಎಂದು ಇಟ್ಟುಕೊಂಡರೆ ಸುಮಾರು 19.6 ಮೀಟರ್ ಉದ್ದ, 6.5 ಮೀಟರ್ ಅಗಲದ ಕೌಂಡಿನ್ಯವು 82 ಸೆಂ.ಮೀ. ಉದ್ದ, 27 ಸೆಂ.ಮೀ. ಅಗಲಕ್ಕೆ ಇಳಿಯುತ್ತದೆ. ಇದಕ್ಕಿಂತ ಚಿಕ್ಕದಾದರೆ ಹೊಲಿಗೆಯ ರಂಧ್ರಗಳನ್ನು ಕೊರೆಯುವುದು ಕಷ್ಟ. ಮರದ ಆಯ್ಕೆಯಲ್ಲಿಯೂ ಮಾಪದ ವಿವೇಕ ಬೇಕು. ತೇಗವು ನಿಜವಾದ ಹಡಗಿಗೆ ಉತ್ತಮವಾದರೂ ಅದರ ಗೆರೆಗಳು ಮಾದರಿಯಲ್ಲಿ ಅತಿ ದಪ್ಪವಾಗಿ ಕಾಣುತ್ತವೆ. ಚನ್ನಪಟ್ಟಣದ ಬೊಂಬೆಗೆ ಬಳಸುವ ಆಲೆಮರದಂತಹ ಸಣ್ಣ ಎಳೆಯ ಹಗುರ ಮರವೇ ಇಲ್ಲಿ ಯೋಗ್ಯ.

ಅಡಿಮರ ಹಾಗೂ ಎರಡು ತುದಿಮರಗಳನ್ನು ಜೋಡಿಸಿದ ಬಳಿಕ ಒಡಲಿನ ಆಕಾರಕ್ಕಾಗಿ ದಪ್ಪ ರಟ್ಟಿನ ಅಡ್ಡ ಅಚ್ಚುಗಳನ್ನು ತಾತ್ಕಾಲಿಕವಾಗಿ ನಿಲ್ಲಿಸಬೇಕು. ಒಡಲಿನ ಸುತ್ತಳತೆ ನಡುವಿನಲ್ಲಿ ಹೆಚ್ಚು, ತುದಿಗಳಲ್ಲಿ ಕಡಿಮೆ. ಹಲಗೆಗಳ ಸಂಖ್ಯೆ ಮಾತ್ರ ಎಲ್ಲೆಡೆಯೂ ಒಂದೇ. ಆದ್ದರಿಂದ ಪ್ರತಿಯೊಂದು ಅಚ್ಚಿನಲ್ಲಿಯೂ ಸುತ್ತಳತೆಯನ್ನು ಹಲಗೆಗಳ ಸಂಖ್ಯೆಯಿಂದ ಭಾಗಿಸಿ, ಆಯಾ ಸ್ಥಳದ ಅಗಲವನ್ನು ಗುರುತಿಸಿ, ಪಟ್ಟಿಯನ್ನು ಎರಡೂ ತುದಿಗಳತ್ತ ಕಿರಿದುಗೊಳಿಸಬೇಕು. ಪಟ್ಟಿಗಳನ್ನು ಬಿಸಿನೀರಿನಲ್ಲಿ ನೆನೆಸಿ, ಬಾಗಿಸಿ, ಕಟ್ಟಿ ಒಣಗಿಸಿದರೆ ಆಕಾರ ನಿಲ್ಲುತ್ತದೆ. ಅನಂತರ ಅಂಚುಗಳನ್ನು ಒಂದಕ್ಕೊಂದು ಉಜ್ಜಿ ಹೊಂದಿಸಬೇಕು. ಬೆಳಕಿಗೆ ಹಿಡಿದಾಗ ಸಂದಿನಲ್ಲಿ ಗೆರೆ ಕಂಡರೆ ಕೆಲಸ ಮುಗಿದಿಲ್ಲವೆಂದೇ ಅರ್ಥ.

ಬಳಿಕ ಹೊಲಿಗೆ. ಎರಡೂ ಹಲಗೆಗಳ ಅಂಚಿನಲ್ಲಿ ಎದುರುಬದುರಾಗಿ ಸೂಕ್ಷ್ಮ ಕೈಬೈರಿಗೆಯಿಂದ ರಂಧ್ರಗಳನ್ನು ಕೊರೆದು, ಒಳಬದಿಯ ಸಂದಿನುದ್ದಕ್ಕೂ ನಾರಿನ ಎಳೆಯ ಬತ್ತಿಯನ್ನಿಟ್ಟು, ಮೇಣ ಸವರಿದ ದಾರದಿಂದ ಅದನ್ನು ಅಮುಕಿ ಬಿಗಿಯಬೇಕು. ಪ್ರತಿಯೊಂದು ರಂಧ್ರಕ್ಕೂ ನಾರು ತುಂಬಿ ರಾಳ ಹಚ್ಚಬೇಕು. ಚಿಪ್ಪು ಪೂರ್ಣವಾದ ಮೇಲೆ ಅಚ್ಚುಗಳನ್ನು ತೆಗೆದು ಪಕ್ಕೆಲುಬುಗಳನ್ನು ದಾರದಿಂದಲೇ ಕಟ್ಟಬೇಕು. ಕೂವೆಮರವನ್ನು ತುದಿಯತ್ತ ಸಪೂರಗೊಳಿಸಿ ನಿಲ್ಲಿಸಿದಾಗ, ಮುಂದೆ, ಹಿಂದೆ, ಎರಡೂ ಪಕ್ಕಗಳಿಂದ ಹಗ್ಗಗಳು ಸಮನಾಗಿ ಬಿಗಿಯುವವರೆಗೆ ಅದು ಓಲಾಡುತ್ತಲೇ ಇರುತ್ತದೆ. ಗುಣವೃಕ್ಷಕ ಎಂಬ ಪದಕ್ಕೆ ಇದಕ್ಕಿಂತ ಸ್ಪಷ್ಟವಾದ ಟೀಕೆ ಬೇರೆ ಬೇಕಿಲ್ಲ. ಹಾಯಿಗೆ ಅತ್ಯಂತ ತೆಳುವಾದ ಹತ್ತಿಬಟ್ಟೆಯನ್ನು ಚಹಾದ ಕಷಾಯದಲ್ಲಿ ಅದ್ದಿ ಬಣ್ಣ ತಗ್ಗಿಸುವುದು ಮಾದರಿಕಾರರ ವಾಡಿಕೆ.

ಈ ಒಡಲನ್ನು ನೀರಿಗಿಟ್ಟಾಗ ನಮ್ಮ ಮೂಲಪ್ರಶ್ನೆಗೆ ಉತ್ತರ ದೊರೆಯುತ್ತದೆ. ಎಲ್ಲಿಯೂ ತೂತಿಲ್ಲ, ಆದರೂ ಸಂದುಗಳಲ್ಲಿ, ಹೊಲಿಗೆಯ ರಂಧ್ರಗಳಲ್ಲಿ ತೇವ ಮೂಡಿ, ಹನಿಗಟ್ಟಿ, ಅಡಿಮರದ ಬಳಿ ನೀರು ನಿಧಾನವಾಗಿ ಸೇರುತ್ತದೆ. ಒಣಹಲಗೆ ನೀರು ಕುಡಿದು ಹಿಗ್ಗಿದಂತೆ ಸೋರಿಕೆ ಕಡಿಮೆಯಾಗುತ್ತದೆ, ಪೂರ್ತಿ ನಿಲ್ಲುವುದಿಲ್ಲ. ನಿಜವಾದ ಹಡಗಿನಲ್ಲಿ ಅಲೆಯ ಹೊಡೆತಕ್ಕೆ ಹೊಲಿಗೆ ಸಡಿಲುತ್ತದೆ, ನಾರು ಸವೆಯುತ್ತದೆ, ಸಂದುಗಳನ್ನು ಮತ್ತೆ ಮತ್ತೆ ಬಿಗಿಯಬೇಕಾಗುತ್ತದೆ. ಹಲಗೆಯನ್ನು ಹಲಗೆಗೆ ಕೂಡಿಸಿದ ಸ್ಥಳವೇ ನೀರು ನುಗ್ಗುವ ಸ್ಥಳವೂ ಹೌದು. ಅಂದರೆ ವಿವರವು ಹೊರಗಿನಿಂದ ಬಂದ ಅಪಘಾತವಲ್ಲ, ಕಟ್ಟಣೆಯ ಸ್ವಭಾವ.

ಪೂಜ್ಯಪಾದರು ಹೊಲಿದ ಹಡಗನ್ನೇ ಉದ್ದೇಶಿಸಿದ್ದರೆಂದು ಇದರಿಂದ ಸಿದ್ಧವಾಗುವುದಿಲ್ಲ. ಅವರು ಹೇಳಿದ್ದು ನಾವೆ ಎಂದಷ್ಟೇ. ಆದರೆ ಅವರ ಕಾಲದ ಕಡಲ ಹಡಗನ್ನು ಕಣ್ಣ ಮುಂದೆ ಇರಿಸಿಕೊಂಡರೆ ‘ಕ್ರಮದಿಂದ’ ಎಂಬ ಪದವು ಥಟ್ಟನೆ ಅರ್ಥಪೂರ್ಣವಾಗುತ್ತದೆ. ಮನ, ವಚನ, ಕಾಯಗಳ ಯೋಗವೇ ಆಸ್ರವವೆಂದು ತತ್ತ್ವಾರ್ಥಸೂತ್ರವು ಹೇಳುತ್ತದೆ. ಜೀವನವನ್ನು ನಡೆಯಿಸುವ ಸಂಧಿಗಳಲ್ಲಿಯೇ ಕರ್ಮ ಒಸರುತ್ತದೆ; ಅದು ಎಂದೋ ಬಿದ್ದ ಒಂದು ತೂತಿನ ಫಲವಲ್ಲ. ಹಾಗೆಯೇ ಸಂವರವೂ ಒಮ್ಮೆ ಹಾಕಿದ ತೇಪೆಯಲ್ಲ. ಗುಪ್ತಿ, ಸಮಿತಿ, ಧರ್ಮ, ಅನುಪ್ರೇಕ್ಷೆ, ಪರೀಷಹಜಯ, ಚಾರಿತ್ರ ಎಂದು ಸೂತ್ರಕಾರರು ಹೇಳುವ ಆರೂ ಸಾಧನಗಳು ದಿನದಿನದ ಎಚ್ಚರವನ್ನು ಬೇಡುತ್ತವೆ. ನಾವಿಕನು ಸಂದುಗಳನ್ನು ತಡವಿ ನೋಡುವ ಎಚ್ಚರದಂತೆ. ಈಗಾಗಲೇ ಒಳಗೆ ಸೇರಿದ ನೀರಿಗೆ ಅಮರಸಿಂಹನ ಸೇಕಪಾತ್ರವಿದೆ. ಅದನ್ನು ನಿರ್ಜರೆಗೆ ಹೋಲಿಸಿದರೆ ಅದು ಆಚಾರ್ಯರ ಮಾತಲ್ಲ, ಓದುಗನ ವಿಸ್ತರಣೆ, ಅಸಂಗತವಂತೂ ಅಲ್ಲ.

ಸಾಹಿತ್ಯದ ವಿದ್ಯಾರ್ಥಿಗಳಿಗೆ ಇಲ್ಲೊಂದು ಕರ್ತವ್ಯವೂ ಇದೆ. ಕಾರವಾರದಿಂದ ಮಂಗಳೂರಿನವರೆಗಿನ ತೀರದಲ್ಲಿ ಮರದ ಹಡಗು ಕಟ್ಟುತ್ತಿದ್ದ ಬಡಗಿಗಳ ಕೆಲಸವನ್ನು ಉಕ್ಕು ಮತ್ತು ಫೈಬರ್‌ಗ್ಲಾಸ್ ಕಿತ್ತುಕೊಂಡಿವೆ. ಸಂದು, ಹೊಲಿಗೆ, ಹಗ್ಗಗಳ ಒಂದೊಂದು ಬಗೆಗೂ ಅವರಲ್ಲಿರುವ ಕನ್ನಡ, ಕೊಂಕಣಿ, ತುಳು ಹೆಸರುಗಳು ಅವರೊಂದಿಗೇ ಹೋಗುತ್ತವೆ. ಅವು ಹೋದರೆ ಜ್ಞಾತಾಧರ್ಮಕಥೆಯ ವಣಿಕರ ಹಡಗೂ ಶ್ರೀಪಾಲನ ಹಡಗೂ ನಮ್ಮ ಅರ್ಥಕೋಶಗಳಲ್ಲಿ ಬರಿಯ ‘ಒಂದು ಬಗೆಯ ಹಡಗು’ ಎಂದು ಉಳಿಯುತ್ತವೆ. ಗ್ರಂಥಸಂಪಾದನೆಗೆ ಹಸ್ತಪ್ರತಿಯನ್ನು ಹುಡುಕಿ ಹೋಗುವ ನಾವು ಒಮ್ಮೆ ಆ ಬಡಗಿಗಳ ಬಳಿಗೂ ಹೋಗಬೇಕು; ಸಾಧ್ಯವಾದರೆ ಅವರ ಮುಂದೆ ಕುಳಿತು ಒಂದು ಮಾದರಿಯನ್ನು ಕಟ್ಟಬೇಕು, ಪ್ರತಿಯೊಂದು ಅಂಗದ ಹೆಸರನ್ನು ಕೇಳಿ ಬರೆದುಕೊಳ್ಳಬೇಕು.

ಸಂಸ್ಕೃತದಲ್ಲಿ ಸಂದು, ರಂಧ್ರ ಎಂಬ ಅರ್ಥವುಳ್ಳ ‘ವಿವರ’ ಶಬ್ದಕ್ಕೆ ಕನ್ನಡದಲ್ಲಿ ಕೂಲಂಕಷವಾದ ತಿಳಿವು ಎಂಬ ಅರ್ಥ ಬಂದಿದೆ. ನಾವೆಯ ವಿವರವನ್ನು ಮುಚ್ಚಬೇಕೆಂದು ಆಚಾರ್ಯರು ಹೇಳಿದರು. ಅದಕ್ಕೆ ಮೊದಲು ನಾವೆಯ ವಿವರವನ್ನು ನಾವು ಬಲ್ಲವರಾಗಬೇಕು.