ಅಂಗೈಯಗಲದ ಅಂಗಡಿ

ಕಲಬುರಗಿಯಿಂದ ರೈಲು ಹತ್ತಿ ಹೈದರಾಬಾದಿನ ಕಡೆಗೆ ಹೊರಟರೆ ಶಹಾಬಾದ, ವಾಡಿ, ಚಿತ್ತಾಪುರ, ಮಳಖೇಡ ರೋಡ್, ಸೇಡಂ ಒಂದರ ಹಿಂದೊಂದು ಬರುತ್ತವೆ. ಚಿಂಚೋಳಿ ಬರುವುದಿಲ್ಲ, ಅಲ್ಲಿಗೆ ರೈಲಿಲ್ಲ. ಈ ಸಾಲು ಸಿದ್ಧವಾದದ್ದು 1870ರ ದಶಕದಲ್ಲಿ. ಮುಂಬಯಿ ಕಡೆಯ ಹಳಿ ಮತ್ತು ಮದರಾಸಿನ ಹಳಿ 1871ರಲ್ಲಿ ರಾಯಚೂರಿನಲ್ಲಿ ಕೂಡಿದವು. 1874ರಲ್ಲಿ ವಾಡಿಯಿಂದ ಸಿಕಂದರಾಬಾದಿಗೆ ನಿಜಾಮರ ರೈಲು ಕವಲೊಡೆಯಿತು. ವಾಡಿ ಜಂಕ್ಷನ್ ಆಯಿತು. ನೆಲದಡಿ ಪದರು ಪದರಾಗಿ ಮಲಗಿದ್ದ ಸುಣ್ಣಕಲ್ಲು ಗೂಡ್ಸ್ ಡಬ್ಬಿ ಹತ್ತಿತು, ಹೋದಲ್ಲೆಲ್ಲ ‘ಶಹಾಬಾದಿ ಫರ್ಸಿ’ ಎನಿಸಿಕೊಂಡಿತು. ಅದೊಂದು ಊರಿನ ಹೆಸರೆಂದು ತಿಳಿಯದವರೂ ಪುಣೆಯಲ್ಲಿ, ಸೊಲ್ಲಾಪುರದಲ್ಲಿ ಆ ಹೆಸರು ಹೇಳಿಯೇ ನೆಲಕ್ಕೆ ಕಲ್ಲು ಹಾಸಿಸಿದರು. ಮುಂದೆ ಅದೇ ಕಲ್ಲಿನ ಬೆನ್ನು ಹತ್ತಿ ಸಿಮೆಂಟ್ ಬಂತು. 1936ರಲ್ಲಿ ಹಲವು ಸಿಮೆಂಟ್ ಕಂಪನಿಗಳು ಒಂದಾಗಿ ಎಸಿಸಿ ಹುಟ್ಟಿದಾಗ ಶಹಾಬಾದಿನ ಕಂಪನಿಯೂ ಅದರೊಳಗಿತ್ತು.

ಈ ಭಾಗದ ವ್ಯಾಪಾರಕ್ಕೆ ಮೊದಲಿನಿಂದಲೂ ಇರುವ ತೊಡಕು ಇದೇ: ಸರಕು ಇಲ್ಲಿದೆ, ಕೊಳ್ಳುವವ ದೂರ ಇದ್ದಾನೆ. ಕಲ್ಲಾಗಲಿ ತೊಗರಿಯಾಗಲಿ, ದೂರದವನಿಗೆ ತಾನು ಇದ್ದೇನೆ ಎಂದು ತಿಳಿಸುವುದು ಹೇಗೆ? ದೊಡ್ಡ ಕಾರ್ಖಾನೆಗೆ ಆ ಚಿಂತೆಯಿಲ್ಲ, ಅದರ ಕಚೇರಿಯೇ ಮುಂಬಯಿಯಲ್ಲೋ ಕೋಲ್ಕತ್ತಾದಲ್ಲೋ ಇರುತ್ತಿತ್ತು. ಎರಡು ಪಾಲಿಶ್ ಮಶೀನು ಇಟ್ಟುಕೊಂಡವನಿಗೆ, ಅಡತಿ ಅಂಗಡಿಯವನಿಗೆ, ಸಣ್ಣ ದಾಲ್ ಮಿಲ್ಲಿನವನಿಗೆ ನಡುವೆ ಒಬ್ಬ ದಲಾಲ ಬೇಕು. ಅಂಚೆ, ತಂತಿ, ಆಮೇಲೆ ಹಳದಿ ಬೋರ್ಡಿನ ಎಸ್‌ಟಿಡಿ ಬೂತು ಬಂದವು. ರಾತ್ರಿ ದರ ಇಳಿದ ಮೇಲೆ ಬೂತಿನ ಮುಂದೆ ನಿಂತು ದರ ಕೇಳುವ ವ್ಯಾಪಾರ ಅದು. ಮೀಟರು ಓಡುತ್ತಿರುವಾಗ ಮಾತು ಚಿಕ್ಕದಾಗುತ್ತದೆ: ಎಷ್ಟು ಚದರ ಅಡಿ, ಏನು ದರ, ಲಾರಿ ಯಾವಾಗ. ಜಾಲತಾಣ ಕಟ್ಟುವವರು ಬಹಳ ವರ್ಷಗಳ ನಂತರ ಕಲಿತ ಪಾಠವನ್ನು ಆ ಬೂತು ಆಗಲೇ ಕಲಿಸಿತ್ತು.

ಕಂಪ್ಯೂಟರು ಈ ಊರುಗಳಿಗೆ ಸರ್ಕಾರಿ ಕಚೇರಿಯ ಬಾಗಿಲಿಂದ ಬಂತೆನ್ನಬಹುದು. 2000ದ ಆಚೀಚೆ ‘ಭೂಮಿ’ ಯೋಜನೆಯಲ್ಲಿ ರಾಜ್ಯದ ತಾಲ್ಲೂಕು ಕಚೇರಿಗಳಲ್ಲೆಲ್ಲ ಪಹಣಿ ಕೊಡುವ ಕೌಂಟರುಗಳು ತೆರೆದವು. ಅವುಗಳ ವಿನ್ಯಾಸದಲ್ಲಿ ಒಂದು ಒಳ್ಳೆಯ ಯೋಚನೆಯಿತ್ತು. ನೌಕರನ ಮುಂದೆ ಒಂದು ಪರದೆಯಾದರೆ, ರೈತನ ಕಡೆಗೆ ಮುಖ ಮಾಡಿದ ಇನ್ನೊಂದು ಪರದೆ. ತನ್ನ ಸರ್ವೆ ನಂಬರು ಅದರ ಮೇಲೆ ಕನ್ನಡದಲ್ಲೇ ಕಾಣುತ್ತಿತ್ತು. ನೋಡಬಹುದು, ಮುಟ್ಟುವಂತಿಲ್ಲ. ಸೇಡಂ, ಚಿತ್ತಾಪುರ, ಚಿಂಚೋಳಿಯ ಎಷ್ಟೋ ಜನರಿಗೆ ಕೆಲಸಕ್ಕೆ ಬಂದ ಮೊದಲ ಪರದೆ ಅದೇ ಇರಬೇಕು. ಮನೆಗೊಂದು, ಅಂಗಡಿಗೊಂದು ಕಂಪ್ಯೂಟರು ಬರುವ ಕಾಲ ಮಾತ್ರ ಈ ಕಡೆ ಬರಲೇ ಇಲ್ಲ. ಅಷ್ಟರಲ್ಲಿ ಮೊಬೈಲು ಬಂತು.

ಅದು ಬಂದಾಗ ಅದರಲ್ಲಿ ಕನ್ನಡ ಇರಲಿಲ್ಲ. ಯೂನಿಕೋಡಿನ ಮೊದಲ ಆವೃತ್ತಿಯಲ್ಲೇ, ಅಂದರೆ 1991ರಲ್ಲೇ, ಕನ್ನಡಕ್ಕೆ ಜಾಗ ಸಿಕ್ಕಿದ್ದರೂ ಸಾಧಾರಣ ಫೋನುಗಳಿಗೆ ಒತ್ತಕ್ಷರ ಕೂಡಿಸಲು ಬರುತ್ತಿರಲಿಲ್ಲ. ಕನ್ನಡ ಪುಟ ತೆರೆದರೆ ಸಾಲು ಸಾಲು ಖಾಲಿ ಡಬ್ಬಿಗಳು. ಆಗ ನೆರವಿಗೆ ಬಂದದ್ದು ನಾರ್ವೆಯ ಒಂದು ತಂತ್ರಾಂಶ. 2006ರಲ್ಲಿ ಜಗತ್ತಿಗೆಲ್ಲ ಸಿಕ್ಕ ಒಪೇರಾ ಮಿನಿ, ಪುಟವನ್ನು ಮೊದಲು ತನ್ನ ಸರ್ವರಿಗೆ ಇಳಿಸಿಕೊಂಡು, ಹಿಂಡಿ ಹಗುರ ಮಾಡಿ ಫೋನಿಗೆ ಕಳಿಸುತ್ತಿತ್ತು. ಅದರ ಒಳಗೆ ಒಂದು ಗುಟ್ಟಿನ ಪುಟ. ವಿಳಾಸದ ಜಾಗದಲ್ಲಿ ‘ಒಪೇರಾ ಕಾನ್ಫಿಗ್’ ಎಂದು ಬರೆದು ಒಳಹೊಕ್ಕು, ಸಂಕೀರ್ಣ ಲಿಪಿಗಳನ್ನು ಬಿಟ್‌ಮ್ಯಾಪ್ ಆಗಿ ತೋರಿಸು ಎಂಬುದಕ್ಕೆ ‘ಯೆಸ್’ ಅಂದರೆ ಸರ್ವರು ಕನ್ನಡದ ಅಕ್ಷರಗಳನ್ನು ಚಿತ್ರವಾಗಿ ಬಿಡಿಸಿ ಕಳಿಸುತ್ತಿತ್ತು. ಕನ್ನಡ ಬ್ಲಾಗುಗಳನ್ನು ಆ ಕಾಲದಲ್ಲಿ ಫೋನಿನಲ್ಲಿ ಓದಿದ ಹಲವರಿಗೆ ಇದು ನೆನಪಿರಬಹುದು. ಅಕ್ಷರ ಒಂದಿಷ್ಟು ಒರಟು, ಆದರೆ ಓದಬಹುದು. 2012ರ ಆಂಡ್ರಾಯ್ಡ್ 4.1ರ ಹೊತ್ತಿಗೆ ಫೋನೇ ಕನ್ನಡ ಕೂಡಿಸಿ ಓದುವುದನ್ನು ಕಲಿಯಿತು. ಆ ಸಮಯಕ್ಕೆ ಮೊಬೈಲ್ ಅಂಗಡಿಗೆ ಹೋಗಿ ಮೆಮೊರಿ ಕಾರ್ಡಿಗೆ ದುಡ್ಡು ಕೊಟ್ಟು ಹಾಡು ತುಂಬಿಸಿಕೊಳ್ಳುವ ಪದ್ಧತಿ ಇನ್ನೂ ಜೋರಾಗಿತ್ತು. ಇಂಟರ್‌ನೆಟ್ ತುಟ್ಟಿ, ಹಾಡು ಅಗ್ಗ.

ಇತ್ತ ಅಮೆರಿಕದಲ್ಲಿ ಬೇರೆಯದೇ ಚರ್ಚೆ ನಡೆದಿತ್ತು. 2007ರಲ್ಲಿ ಐಫೋನ್ ಬಂದಾಗ ಅದು ದೊಡ್ಡ ಪರದೆಯ ಜಾಲತಾಣಗಳನ್ನೇ ತೋರಿಸಬೇಕಾಯಿತು. ಅದಕ್ಕೊಂದು ಉಪಾಯ: ಪುಟ 980 ಪಿಕ್ಸೆಲ್ ಅಗಲ ಇದೆ ಎಂದುಕೊಂಡು, ಅದನ್ನು 320 ಪಿಕ್ಸೆಲ್ಲಿಗೆ ಕುಗ್ಗಿಸುವುದು. ಹದಿನಾರರ ಅಳತೆಯ ಅಕ್ಷರ ಐದಕ್ಕೆ ಇಳಿಯುತ್ತದೆ. ಎರಡು ಬೆರಳಿಂದ ಹಿಗ್ಗಿಸಿ, ಎಡಕ್ಕೆ ಬಲಕ್ಕೆ ಎಳೆದಾಡಿ ಓದಬೇಕು. ಬಹಳ ಕಂಪನಿಗಳು ಮೊಬೈಲಿಗೆಂದೇ ಇನ್ನೊಂದು ಬಡ ಜಾಲತಾಣ ಮಾಡಿ ಕೈತೊಳೆದುಕೊಂಡವು. 2009ರ ನವೆಂಬರಿನಲ್ಲಿ ಲೂಕ್ ರೊಬ್ಲೆವ್ಸ್ಕಿ ಎಂಬ ವಿನ್ಯಾಸಕಾರ ‘ಮೊಬೈಲ್ ಫಸ್ಟ್’ ಎಂದು ಬರೆದ. ದೊಡ್ಡದನ್ನು ಮಾಡಿ ಚಿಕ್ಕದಕ್ಕೆ ಕತ್ತರಿಸಬೇಡಿ, ಚಿಕ್ಕದರಿಂದ ಶುರು ಮಾಡಿ ಎಂಬುದು ಅವನ ವಾದ. 1024ಕ್ಕೆ 768ರ ಪರದೆಯಿಂದ 320ಕ್ಕೆ 480ರ ಪರದೆಗೆ ಇಳಿದರೆ ಉಳಿಯುವುದು ಐದನೆಯ ಒಂದು ಭಾಗ ಜಾಗ. ಅಷ್ಟರಲ್ಲಿ ಏನು ಇರಲೇಬೇಕು ಎಂದು ತೀರ್ಮಾನಿಸಲೇಬೇಕಾಗುತ್ತದೆ. 2010ರ ಮೇ ತಿಂಗಳಲ್ಲಿ ಈಥನ್ ಮಾರ್ಕಾಟ್, ಒಂದೇ ಪುಟ ಪರದೆಯ ಅಗಲಕ್ಕೆ ತಕ್ಕಂತೆ ತಾನೇ ಹೊಂದಿಕೊಳ್ಳುವ ಬಗೆಯನ್ನು ತೋರಿಸಿದ. ಲೂಕ್‌ನ ಪುಸ್ತಕ 2011ರಲ್ಲಿ ಬಂತು.

ಅವರಿಗೆ ಇದು ಒಂದು ಶಿಸ್ತು. ಮೇಜಿನ ಮೇಲೆ ದೊಡ್ಡ ಪರದೆ ಇದ್ದೂ ಚಿಕ್ಕದನ್ನು ಮೊದಲು ನೆನೆಯುವ ಒಂದು ಬಗೆಯ ವ್ರತ. ವಾಡಿಯ, ಚಿಂಚೋಳಿಯ ಗಿರಾಕಿಗೆ ಮೊದಲು, ಆಮೇಲೆ ಎಂಬ ಪ್ರಶ್ನೆಯೇ ಇರಲಿಲ್ಲ. ಅವನಿಗೆ ಇದ್ದದ್ದು ಒಂದೇ ಪರದೆ. ಭಾರತದಲ್ಲಿ ಮೊಬೈಲಿನ ಮೂಲಕ ಜಾಲಾಡುವವರ ಪಾಲು ಕಂಪ್ಯೂಟರಿನವರದನ್ನು ಮೀರಿದ್ದು 2012ರಲ್ಲಿ. ಜಗತ್ತಿನ ಒಟ್ಟು ಲೆಕ್ಕದಲ್ಲಿ ಆ ದಾಟು ಕಾಣಿಸಿಕೊಂಡದ್ದು 2016ರ ಅಕ್ಟೋಬರಿನಲ್ಲಿ. ಹಿಂದುಳಿದ ಪ್ರದೇಶ ಎಂದು ನಾವು ಹೇಳಿಕೊಂಡೇ ಬಂದ ಈ ಭಾಗ ಒಂದು ವಿಷಯದಲ್ಲಾದರೂ ಕ್ಯಾಲಿಫೋರ್ನಿಯಾಕ್ಕಿಂತ ಮುಂದಿತ್ತು ಎನ್ನಲು ಆಸೆಯಾಗುತ್ತದೆ. ಆದರೆ ಪುಟ ಕಟ್ಟುವವರು ಬೆಂಗಳೂರಿನಲ್ಲೋ ಹೈದರಾಬಾದಿನಲ್ಲೋ ದೊಡ್ಡ ಪರದೆಯ ಮುಂದೆ ಕೂತಿದ್ದರು. ಒಪ್ಪಿಗೆ ಕೊಡುವ ಮಾಲೀಕನಿಗೂ ಅದನ್ನು ಲ್ಯಾಪ್‌ಟಾಪಿನಲ್ಲೇ ತೋರಿಸುತ್ತಿದ್ದರು.

ಕಲ್ಲಿನ ವ್ಯಾಪಾರವನ್ನೇ ತೆಗೆದುಕೊಳ್ಳಿ. ದೊಡ್ಡ ಪರದೆಗೆಂದು ಕಟ್ಟಿದ ಪುಟದ ನೆತ್ತಿಯ ಮೇಲೆ ತಾನೇ ಜರಗುವ ನಾಲ್ಕು ದೊಡ್ಡ ಫೋಟೋ, ಕೆಳಗೆ ‘ನಮ್ಮ ಧ್ಯೇಯ’, ಬಲಗಡೆ ಮೆನು, ಫೋನ್ ನಂಬರು ತಳದಲ್ಲಿ, ಅದೂ ಚಿತ್ರದೊಳಗೆ. 2016ಕ್ಕೆ ಮುಂಚಿನ ನೆಟ್‌ವರ್ಕಿನಲ್ಲಿ ಸೆಕೆಂಡಿಗೆ ನೂರು ಕಿಲೋಬಿಟ್ ಸಿಗುತ್ತದೆ ಎಂದುಕೊಂಡರೂ 2 ಎಂಬಿಯ ಒಂದು ಫೋಟೋ ಇಳಿಯಲು ಎರಡೂವರೆ ನಿಮಿಷ ದಾಟುತ್ತದೆ. ಗಿರಾಕಿ ಅಷ್ಟರಲ್ಲಿ ಬೇರೆಯವನಿಗೆ ಫೋನು ಹಚ್ಚಿರುತ್ತಾನೆ. ಮೊಬೈಲಿನಿಂದ ಶುರು ಮಾಡಿದರೆ ಲೆಕ್ಕ ಬೇರೆ. ಮೊದಲ ಪರದೆಯಲ್ಲಿ ಕಲ್ಲಿನ ಒಂದು ಹಗುರವಾದ ಚಿತ್ರ, ದಪ್ಪ ಮತ್ತು ಅಳತೆ, ಎಲ್ಲಿಂದ ಲಾರಿ ಹೊರಡುತ್ತದೆ ಎಂಬುದು, ಮತ್ತು ಹೆಬ್ಬೆರಳಿಗೆ ಎಟಕುವಂತೆ, ಒತ್ತಿದರೆ ನೇರ ಕರೆ ಹೋಗುವ ನಂಬರು. ಉಳಿದದ್ದು ಕೆಳಗೆ, ಬೇಕಾದವನು ಇಳಿದು ನೋಡಲಿ. ಎಸ್‌ಟಿಡಿ ಬೂತಿನ ಮಾತು ಮತ್ತೆ ಬಂದಂತೆ: ಎಷ್ಟು ಅಡಿ, ಏನು ದರ, ಲಾರಿ ಯಾವಾಗ.

ಕನ್ನಡದಲ್ಲಿ ಪುಟ ಕಟ್ಟಿದಾಗ ಇಂಗ್ಲಿಷಿನವರಿಗೆ ಗೊತ್ತಿಲ್ಲದ ತಾಪತ್ರಯಗಳು ಎದುರಾದವು. ಇಂಗ್ಲಿಷ್ ಅಕ್ಷರಕ್ಕೆಂದು ಇಟ್ಟ ಸಾಲಿನ ಎತ್ತರದಲ್ಲಿ ನಮ್ಮ ಒತ್ತು ಕತ್ತರಿಸಿಹೋಗುತ್ತದೆ. ಮಳಖೇಡದವರಿಗೆ ಬೇಕೇಬೇಕಾದ ‘ರಾಷ್ಟ್ರಕೂಟ’ ಎಂಬ ಪದವನ್ನೇ ನೋಡಿ, ‘ಷ’ದ ಕೆಳಗೆ ಎರಡು ಒತ್ತು ಇಳಿಬಿದ್ದಿವೆ. ಇನ್ನು ಪದಗಳ ಉದ್ದ. ಪ್ರತ್ಯಯಗಳನ್ನು ಅಂಟಿಸಿಕೊಂಡು ಬೆಳೆಯುವ ಭಾಷೆ ನಮ್ಮದು. ಬೆರಳಗಲದ ಗುಂಡಿಯ ಮೇಲೆ ‘ದೂರವಾಣಿಯ ಮೂಲಕ ಸಂಪರ್ಕಿಸಿ’ ಹಿಡಿಸುವುದಿಲ್ಲ. ‘ಫೋನ್ ಮಾಡಿ’ ಹಿಡಿಸುತ್ತದೆ. ‘ಉತ್ಪನ್ನಗಳ ವಿವರಗಳು’ ಹೋಗಿ ‘ಕಲ್ಲು, ದರ’ ಬಂತು. ಕಚೇರಿ ಕನ್ನಡವನ್ನು ತಿದ್ದಲು ಎಷ್ಟೋ ಸಮಿತಿಗಳಿಂದ ಆಗದ್ದನ್ನು ಈ ಗುಂಡಿ ಮಾಡೀತು ಎನಿಸುತ್ತದೆ. ಕನ್ನಡದಲ್ಲಿ ಸಿಕ್ಕ ಮೊದಲ ಕೃತಿ ‘ಕವಿರಾಜಮಾರ್ಗ’ ಹೇಗೆ ಬರೆಯಬೇಕು ಎಂದು ಹೇಳುವ ಪುಸ್ತಕ, ಒಂಬತ್ತನೆಯ ಶತಮಾನದ್ದು. ಅದು ಹುಟ್ಟಿದ ಆಸ್ಥಾನ ಇದ್ದದ್ದು ಇದೇ ಸೇಡಂ ತಾಲ್ಲೂಕಿನ ಮಳಖೇಡದಲ್ಲಿ. ಅಂಥ ನೆಲದ ಅಂಗಡಿ ಬೋರ್ಡು ಕನ್ನಡದಲ್ಲಿದ್ದು, ಪುಟ ಮಾತ್ರ ಹರಕು ಇಂಗ್ಲಿಷಿನಲ್ಲಿದ್ದರೆ ವಿಚಿತ್ರವೇ.

ಹೆಸರಿನ ತೊಡಕೂ ಕಡಿಮೆಯದಲ್ಲ. ಶಹಾಬಾದ ಎಂಬ ಊರು ಉತ್ತರಪ್ರದೇಶದಲ್ಲಿದೆ, ಹರಿಯಾಣದಲ್ಲಿದೆ, ರಾಜಸ್ಥಾನದಲ್ಲಿದೆ. ವಾಡಿ ನಾಗಪುರದ ಪಕ್ಕದಲ್ಲೂ ಇದೆ. ಸೇಡಂ ರೈಲಿನವರ ಇಂಗ್ಲಿಷಿನಲ್ಲಿ ‘ಸೇರಂ’. ಗುಲಬರ್ಗಾ 2014ರ ನವೆಂಬರ್ 1ರಿಂದ ಕಲಬುರಗಿ. ಇಂಗ್ಲಿಷಿನಲ್ಲಿ ಹುಡುಕಿದರೆ ಯಾವ ಸ್ಪೆಲ್ಲಿಂಗಿಗೆ ಯಾರ ಅಂಗಡಿ ಸಿಗುತ್ತದೋ. ಕನ್ನಡದಲ್ಲಿ ಬರೆದಾಗ ಸೇಡಂ ಸೇಡಮ್ಮೇ. 2017ರ ಆಗಸ್ಟಿನಲ್ಲಿ ಗೂಗಲ್ ಕನ್ನಡದಲ್ಲಿ ಮಾತನಾಡಿ ಹುಡುಕುವ ಸೌಲಭ್ಯ ಕೊಟ್ಟಿತು. ಟೈಪು ಮಾಡಲು ಹಿಂಜರಿಯುವವನು ಫೋನಿಗೆ ಬಾಯಿಯಿಂದಲೇ ಕೇಳತೊಡಗಿದ. ಅವನ ಪ್ರಶ್ನೆ ಕನ್ನಡದಲ್ಲಿ ಹೋಗಿ, ಕನ್ನಡದ ಒಂದೇ ಒಂದು ಪುಟವೂ ಇಲ್ಲದ ಊರಿಗೆ ಬಡಿದು ವಾಪಸು ಬಂದರೆ ನಷ್ಟ ಅಂಗಡಿಯವನದು.

2016ರ ಸೆಪ್ಟೆಂಬರಿನಲ್ಲಿ ಜಿಯೋ ಬಂದ ಮೇಲೆ ಎಲ್ಲ ಒಂದೇ ಏಟಿಗೆ ಅಗ್ಗವಾಯಿತು. ಅದೇ ನವೆಂಬರಿನಲ್ಲಿ ನೋಟು ರದ್ದಾಗಿ, ದುಡ್ಡು ಕೂಡ ಫೋನಿನೊಳಗೆ ಸೇರಿತು. 2017ರ ಜನವರಿಯಲ್ಲಿ ಸುಂದರ್ ಪಿಚೈ ದೆಹಲಿಗೆ ಬಂದು, ಭಾರತದ ಸಣ್ಣ ವ್ಯಾಪಾರಗಳಿಗೆ ಗೂಗಲ್ ಪುಕ್ಕಟೆಯಾಗಿ ಮೊಬೈಲಿಗೊಪ್ಪುವ ಜಾಲತಾಣ ಮಾಡಿಕೊಡುತ್ತದೆ, ನಮ್ಮ ಭಾಷೆಗಳಲ್ಲೂ ಮಾಡಬಹುದು ಎಂದರು. ಕಂಪ್ಯೂಟರೇ ಬೇಡ, ಫೋನಿನಲ್ಲೇ ಹತ್ತು ನಿಮಿಷದಲ್ಲಿ ಮುಗಿಯುತ್ತಿತ್ತು. ವಿಳಾಸದ ಕೊನೆಗೆ ‘ಬಿಸಿನೆಸ್ ಡಾಟ್ ಸೈಟ್’. ಈ ಊರುಗಳಂಥ ಕಡೆಗೆ ಇದಕ್ಕಿಂತ ಹೊಂದುವ ಯೋಜನೆ ಇನ್ನೊಂದಿರಲಿಲ್ಲ. ವಿಸಿಟಿಂಗ್ ಕಾರ್ಡಿನ ಮೇಲೆ, ಟೆಂಪೋದ ಬೆನ್ನ ಮೇಲೆ ಬರೆಸಿಕೊಳ್ಳಬಹುದಾದ ಒಂದು ವಿಳಾಸ ಅಂತೂ ಸಣ್ಣವನಿಗೂ ಸಿಕ್ಕಿತು.

2024ರ ಮಾರ್ಚಿನಲ್ಲಿ ಗೂಗಲ್ ಅವನ್ನು ಮುಚ್ಚಿತು. ಜೂನ್ 10ರವರೆಗೆ ಆ ವಿಳಾಸಕ್ಕೆ ಬಂದವರನ್ನು ಅಂಗಡಿಯ ಗೂಗಲ್ ಪರಿಚಯಪುಟಕ್ಕೆ ದಾಟಿಸಿ, ಆಮೇಲೆ ಅದನ್ನೂ ನಿಲ್ಲಿಸಿತು. ಕಾರ್ಡಿನ ಮೇಲೆ ಅಚ್ಚಾದ ವಿಳಾಸ ಹಾಗೇ ಉಳಿಯಿತು, ಪುಟ ಇಲ್ಲ. ಅದೇ ವರ್ಷದ ಜುಲೈ 5ರ ನಂತರ, ಮೊಬೈಲಿನಲ್ಲಿ ತೆರೆಯದ ಜಾಲತಾಣಗಳನ್ನು ತಾನು ಹುಡುಕಾಟದಲ್ಲಿ ಸೇರಿಸುವುದೇ ಇಲ್ಲವೆಂದು ಅದೇ ಕಂಪನಿ ಸಾರಿತು. ಮೊಬೈಲಿಗೆ ಮೊದಲ ಮನ್ನಣೆ ಎಂದು ಅದು 2016ರಲ್ಲಿ ಘೋಷಿಸಿದ್ದು ಹೀಗೆ ಪೂರ್ತಿಯಾಯಿತು. ಪುಕ್ಕಟೆ ಮನೆ ಕಿತ್ತುಕೊಂಡ ವರ್ಷವೇ ಮನೆ ಹೀಗೇ ಇರಬೇಕೆಂಬ ಕಟ್ಟಳೆಯೂ ಬಂತು. ಎರಡೂ ಬೇರೆ ಬೇರೆ ವಿಭಾಗದ ತೀರ್ಮಾನಗಳಿರಬಹುದು. ಸಣ್ಣ ಅಂಗಡಿಯ ಕಡೆಯಿಂದ ನೋಡಿದರೆ ದಲಾಲ ಬದಲಾದನೇ ಹೊರತು ದಲಾಲಿ ತಪ್ಪಲಿಲ್ಲ.

ಹಾಗಾಗಿ ಬಹಳಷ್ಟು ವ್ಯಾಪಾರ 2018ರಲ್ಲಿ ಬಂದ ವಾಟ್ಸಾಪ್ ಬಿಸಿನೆಸ್‌ನೊಳಗೇ ನೆಲೆ ನಿಂತಿದೆ. ಕಲ್ಲಿನ ಫೋಟೋ ಅಲ್ಲಿ ಹೋಗುತ್ತದೆ, ದರ ಅಲ್ಲಿ ಕುದುರುತ್ತದೆ, ದುಡ್ಡೂ ಫೋನಿನಲ್ಲೇ ಬರುತ್ತದೆ. ಆದರೆ ಅದು ಗೊತ್ತಿದ್ದವರ ನಡುವಿನ ವ್ಯಾಪಾರ. ನಂಬರು ಇಲ್ಲದವನಿಗೆ ಆ ಅಂಗಡಿ ಕಾಣುವುದಿಲ್ಲ. ಅಪರಿಚಿತನಿಗೆ ಕಾಣಬೇಕಾದರೆ ತನ್ನದೇ ವಿಳಾಸದ, ವರ್ಷಕ್ಕೊಮ್ಮೆ ಬಾಡಿಗೆ ಕಟ್ಟುವ ಒಂದು ಪುಟ ಬೇಕು. ಅದು ಒಂದೇ ಪುಟವಿದ್ದರೂ ಸಾಕು: ಐದಾರು ಸಾಲು ಕನ್ನಡ, ಕೆಳಗೆ ಅದೇ ಮಾತು ಹಿಂದಿಯಲ್ಲೋ ತೆಲುಗಿನಲ್ಲೋ, ಎರಡು ಹಗುರ ಚಿತ್ರ, ಒಂದು ನಂಬರು. ಈಗ ಕನ್ನಡ ಲಿಪಿಯಲ್ಲೇ ‘.ಭಾರತ’ ಎಂದು ಮುಗಿಯುವ ವಿಳಾಸಗಳೂ ಇವೆ. ನೂರು ಕಿಲೋಬೈಟಿನೊಳಗೆ ಮುಗಿಯುವ ಆ ಪುಟವನ್ನು ಊರಿನ ಪದವಿ ಕಾಲೇಜಿನ ಹುಡುಗನೋ ಹುಡುಗಿಯೋ ಫೋನಿನಲ್ಲೇ ಕಟ್ಟಬಹುದು. ಕಟ್ಟಿದವರು ಕೆಲಸ ಹುಡುಕಿ ಬೆಂಗಳೂರಿಗೆ ಹೋಗುವ ಮುಂಚೆ ಪಾಸ್‌ವರ್ಡನ್ನು ಅಂಗಡಿಯ ಖಾತೆ ಪುಸ್ತಕದಲ್ಲಿ ಬರೆದಿಟ್ಟು ಹೋಗಬೇಕು, ಅಷ್ಟೆ.