ಗೇಣಿದಾರನ ಮನೆ: ಶಾಂತವೇರಿ ಗೋಪಾಲಗೌಡರೂ ಕಾಗೋಡು ಸತ್ಯಾಗ್ರಹವೂ

ಕಿರಂಗೂರಿನ ಬನ್ನಿಮಂಟಪದ ಬಳಿಯಲ್ಲಿ ನಿಂತು ನೋಡುವವರಿಗೆ ಬತ್ತದ ಗದ್ದೆಗಳೂ ಕಬ್ಬಿನ ಹೊಲಗಳೂ ಕಣ್ಣಿಗೆ ಬೀಳುವುವು. ಶ್ರೀರಂಗಪಟ್ಟಣದ ದಸರೆಯ ಮೆರವಣಿಗೆ ಹೊರಡುವ ಈ ಊರಿನಲ್ಲಿಯೂ, ನೆರೆಯ ಪಾಂಡವಪುರ, ಕೃಷ್ಣರಾಜಪೇಟೆ, ನಾಗಮಂಗಲ ಸೀಮೆಗಳಲ್ಲಿಯೂ ಬೇಸಾಯಗಾರನು ಬಹುಮಟ್ಟಿಗೆ ತನ್ನ ಹೆಸರಿನಲ್ಲಿಯೇ ಸರ್ಕಾರಕ್ಕೆ ಕಂದಾಯ ಕಟ್ಟಿಕೊಂಡು ಬಂದವನು. ಹಿಡುವಳಿ ಎಷ್ಟು ಚಿಕ್ಕದಾದರೂ ಖಾತೆ ಅವನದು. ಊರೊಳಗಣ ಮನೆಯೂ ಅವನದು. ದೇವಾದಾಯ, ಜೋಡಿ, ಇನಾಂ ಗ್ರಾಮಗಳಿಗೆ ಈ ಮಾತು ಸಲ್ಲುತ್ತಿರಲಿಲ್ಲ. 1954 ಮತ್ತು 1955ರ ಇನಾಂ ರದ್ದಿಯಾತಿ ಶಾಸನಗಳ ಅನಂತರ ಅಲ್ಲಿಯೂ ಸ್ಥಿತಿ ಮಾರ್ಪಡತೊಡಗಿತು. ಇಂತಹ ಬಯಲುಸೀಮೆಯ ವಾಚಕರಿಗೆ, ಉಳುವ ನೆಲವೂ ತನ್ನದಲ್ಲದೆ, ಮಲಗುವ ಗುಡಿಸಲಿನ ಅಡಿಯ ನೆಲವೂ ತನ್ನದಲ್ಲದೆ ಬಾಳಿದ ಮಲೆನಾಡಿನ ಗೇಣಿದಾರನ ಅವಸ್ಥೆ ಥಟ್ಟನೆ ಮನಸ್ಸಿಗೆ ಹತ್ತಲಾರದು. ಆ ಅವಸ್ಥೆಯನ್ನು ಶಾಸನಸಭೆಯ ವಿರೋಧಪಕ್ಷದ ಆಸನದಿಂದ ನಾಡಿಗೆಲ್ಲ ಕೇಳಿಸಿದವರು ಶಾಂತವೇರಿ ಗೋಪಾಲಗೌಡರು. ಅವರ ಚರಿತ್ರೆಯನ್ನು ಹೇಳುವವರು ಅವರ ವಾಗ್ಮಿತೆಯನ್ನೂ, ನಾಡಿಗೆ ಕರ್ನಾಟಕವೆಂಬ ಹೆಸರು ಬರಬೇಕೆಂದು ಅವರು ಹಿಡಿದ ಹಟವನ್ನೂ ವಿಶೇಷವಾಗಿ ಹೊಗಳುವರು. ಅದು ಯುಕ್ತವೇ ಸರಿ. ಆದರೆ ಒಮ್ಮೆಯೂ ಮಂತ್ರಿಪದವಿಯನ್ನು ಏರದ, ತಾವು ನಿಂತ ದೊಡ್ಡ ಹೋರಾಟದಲ್ಲಿ ಮೇಲ್ನೋಟಕ್ಕೆ ಸೋತ ಪುರುಷರೊಬ್ಬರ ಪ್ರಯತ್ನವು ಮುಂದೆ ಯಾರ ಕೈಯಿಂದ ಹೇಗೆ ಫಲಿಸಿತೆಂಬುದು ಇನ್ನೂ ಹೆಚ್ಚು ವಿಚಾರಾರ್ಹವಾದುದು.

ಗೋಪಾಲಗೌಡರು 1923ನೆಯ ಇಸವಿ ಮಾರ್ಚ್ 14ರಂದು ತೀರ್ಥಹಳ್ಳಿ ತಾಲ್ಲೂಕಿನ ಆರಗದಲ್ಲಿ ಜನಿಸಿದರು. 1942ರ ಚಳವಳಿಯಲ್ಲಿ, ವಿದ್ಯಾರ್ಥಿದೆಶೆಯಲ್ಲಿರುವಾಗಲೇ ಸೆರೆಮನೆಯನ್ನು ಕಂಡರು. ಸ್ವಾತಂತ್ರ್ಯಾನಂತರ ಅವರ ಅನೇಕ ಸಂಗಡಿಗರು ಕಾಂಗ್ರೆಸ್ಸಿನಲ್ಲಿಯೇ ನೆಲೆಗೊಂಡರು. ಅವರು ಸಮಾಜವಾದಿ ಪಕ್ಷವನ್ನು ಹಿಡಿದರು.

ಆ ಕಾಲದ ಸಾಗರ ಸೀಮೆಯಲ್ಲಿ ಗದ್ದೆಯ ಒಡೆಯರು ಕೆಲವರು, ಉಳುವವರು ಹಲವರು. ಉಳುವವರಲ್ಲಿ ಬಹುಮಂದಿ ದೀವರು. ಗೇಣಿಯ ಬತ್ತವನ್ನು ಅಳೆಯುವ ಕೊಳಗವೇ ದೊಡ್ಡ ತಂಟೆಗೆ ಮೂಲವಾಗಿತ್ತು. ಪೇಟೆಯಲ್ಲಿ ನಡೆಯುವ ಕೊಳಗ ಒಂದು, ಒಡೆಯನ ಅಂಗಳದಲ್ಲಿ ಗೇಣಿ ತುಂಬುವ ಕೊಳಗ ಅದಕ್ಕಿಂತ ಹಿರಿದಾದ ಇನ್ನೊಂದು. ಅಳೆದು ಕೊಟ್ಟುದಕ್ಕೆ ರಸೀತಿಯೂ ಇಲ್ಲ. ರಸೀತಿಯಿಲ್ಲದ ಮೇಲೆ ಇಷ್ಟು ವರ್ಷ ಈ ಗದ್ದೆಯನ್ನು ಉತ್ತವನು ತಾನೆಂದು ಕಚೇರಿಯಲ್ಲಿ ಸಾಧಿಸುವ ಬಗೆ ಹೇಗೆ? ಇದರ ಮೇಲೆ ಬಿಟ್ಟಿಚಾಕರಿ ಬೇರೆ. ಮನೆಯ ವಿಷಯವಂತೂ ಗದ್ದೆಯ ವಿಷಯಕ್ಕೆ ಹೊಸೆದುಕೊಂಡೇ ಇತ್ತು. ಬಯಲುಸೀಮೆಯಂತೆ ಮಲೆನಾಡಿನಲ್ಲಿ ಮನೆಗಳು ಒತ್ತಾಗಿ ಒಂದೆಡೆ ಇರುವುದಿಲ್ಲ. ಗದ್ದೆಯ ಮೇಲಣ ಹಕ್ಕಲಿನಲ್ಲಿ, ತೋಟದ ಅಂಚಿನಲ್ಲಿ ಒಂಟಿಯಾಗಿ ನಿಂತಿರುವುವು. ಗೇಣಿದಾರನ ಗುಡಿಸಲು ಎಷ್ಟೋ ಕಡೆ ನಿಂತುದು ಒಡೆಯನ ನೆಲದಲ್ಲಿಯೇ. ಮಳೆಗಾಲಕ್ಕೆ ಮುಂಚೆ ಮಾಡಿಗೆ ಹೊದೆಸುವ ಹುಲ್ಲಿಗಾಗಲಿ ಅಡಕೆಯ ಸೋಗೆಗಾಗಲಿ ಅವನ ಮುಖವನ್ನು ನೋಡಬೇಕು. ನಾಳೆ ಎಬ್ಬಿಸಿದರೆ ಬಿಟ್ಟು ಹೋಗಬೇಕಾದ ಗೋಡೆಗೆ ಕಲ್ಲಿನ ತಳಪಾಯ ಹಾಕುವವನಾರು? ಗೇಣಿ ತಪ್ಪಿತೆಂದರೆ ಗದ್ದೆಯೊಡನೆ ಸೂರೂ ತಪ್ಪಿತು. ಈ ಒಂದು ಭಯವೇ ಅಳತೆಯ ಅನ್ಯಾಯವನ್ನು ತಲೆಮಾರುಗಳ ತನಕ ನುಂಗಿಸಿತೆಂದು ಹೇಳಿದರೆ ತಪ್ಪಾಗದು.

ಈ ಜನರನ್ನು ಮೊದಲು ಒಂದುಗೂಡಿಸಿದವರು ಎಚ್. ಗಣಪತಿಯಪ್ಪನವರು. ಸಾಗರ ತಾಲ್ಲೂಕು ರೈತಸಂಘವು ಅವರ ಶ್ರಮದ ಫಲ. ಗೋಪಾಲಗೌಡರ ಕೀರ್ತಿಯ ಬೆಳಕಿನಲ್ಲಿ ಈ ಹೆಸರು ಮಸುಕಾಗಿರುವುದು ನ್ಯಾಯವಲ್ಲ. ನ್ಯಾಯವಾದ ಕೊಳಗ, ಕೊಟ್ಟ ಗೇಣಿಗೆ ರಸೀತಿ, ಬಿಟ್ಟಿಯ ನಿವಾರಣೆ, ಇಷ್ಟನ್ನೇ ಅವರು ಕೇಳಿದುದು. ಒಡೆಯರು ಒಪ್ಪದೆ ಗೇಣಿದಾರರನ್ನು ಬಿಡಿಸಹೊರಟರು. 1951ನೆಯ ಇಸವಿ ಏಪ್ರಿಲ್ 18ರಂದು ಕಾಗೋಡಿನ ರೈತರು ನೇಗಿಲು ಹೊತ್ತು ಗದ್ದೆಗೆ ಇಳಿದರು. ಪೊಲೀಸರು ಅವರನ್ನು ಹಿಡಿದೊಯ್ದರು. ಮಾರನೆಯ ದಿನ ಮತ್ತೊಂದು ತಂಡ ಇಳಿಯಿತು. ಹೀಗೆ ನಡೆದ ಸತ್ಯಾಗ್ರಹಕ್ಕೆ ಸಮಾಜವಾದಿ ಪಕ್ಷವು ಬೆಂಬಲವಾಗಿ ನಿಂತಿತು. ಗೋಪಾಲಗೌಡರು ಅದರ ಮುಂದಾಳಾದರು. ಜೂನ್ ತಿಂಗಳಲ್ಲಿ ರಾಮಮನೋಹರ ಲೋಹಿಯಾ ಅವರೇ ಬಂದು ಬಂಧನಕ್ಕೆ ಒಳಗಾದುದರಿಂದ, ಸಾಗರದ ಆಚೆ ಯಾರೂ ಕೇಳದಿದ್ದ ಊರಿನ ಹೆಸರು ಹಿಂದೂಸ್ಥಾನದ ಪತ್ರಿಕೆಗಳಲ್ಲೆಲ್ಲ ಬಂದಿತು.

ಫಲವೇನು? ಆಗಿಂದಾಗ್ಗೆ ಏನೂ ಇಲ್ಲ. ಗದ್ದೆಗಳು ಒಡೆಯರ ವಶದಲ್ಲಿಯೇ ಉಳಿದುವು. ಸೆರೆಮನೆಯಿಂದ ಹೊರಬಂದವರಿಗೆ ಉಳಲು ನೆಲವಿರಲಿಲ್ಲ. ಆದರೆ ಮರುವರ್ಷವೇ ಹೊಸ ಸಂವಿಧಾನದ ಮೊದಲನೆಯ ಚುನಾವಣೆ ಬಂದಿತು. ಸಾಗರ-ಹೊಸನಗರ ಕ್ಷೇತ್ರದಲ್ಲಿ ಕಾಂಗ್ರೆಸ್ಸಿನ ಎ. ಆರ್. ಬದರಿನಾರಾಯಣರನ್ನು ಸೋಲಿಸಿ ಗೋಪಾಲಗೌಡರು ಮೈಸೂರು ಶಾಸನಸಭೆಯನ್ನು ಹೊಕ್ಕರು. ಕೈಯಲ್ಲಿ ಹಣವಿಲ್ಲದ, ವಯಸ್ಸು ಮೂವತ್ತು ತುಂಬದ ತರುಣನಿಗೆ ಗೇಣಿದಾರನು ಗುಟ್ಟಿನ ಮತವನ್ನು ಕೊಟ್ಟನು. ಒಡೆಯನ ಕೊಳಗ ಮುಟ್ಟಲಾರದ ಅಳತೆಯೊಂದು ಅವನಿಗೆ ದೊರೆತುದು ಅದೇ ಮೊದಲು. 1957ರಲ್ಲಿ ಗೋಪಾಲಗೌಡರು ಸೋತರು. 1962 ಮತ್ತು 1967ರಲ್ಲಿ ತೀರ್ಥಹಳ್ಳಿಯಿಂದ ಗೆದ್ದರು. ಗೆದ್ದಾಗಲೂ ಕುಳಿತುದು ವಿರೋಧಪಕ್ಷದಲ್ಲಿಯೇ.

ವಿರೋಧಪಕ್ಷದಿಂದ ಆಗುವುದೇನು ಎಂದು ಕೇಳುವವರು ಐರ್ಲೆಂಡ್ ದೇಶದ ಚರಿತ್ರೆಯನ್ನು ಸ್ವಲ್ಪ ನೋಡಬಹುದು. ಅಲ್ಲಿಯೂ ಗೇಣಿದಾರನನ್ನು ಎಬ್ಬಿಸುವಾಗ ಮನೆಯಿಂದಲೇ ಎಬ್ಬಿಸುತ್ತಿದ್ದರು. ಪಾರ್ನೆಲ್ ಮುಖಂಡನಾಗಿದ್ದ ಪಕ್ಷವು ಲಂಡನ್ನಿನ ಪಾರ್ಲಿಮೆಂಟಿನಲ್ಲಿ ಎಂದೂ ಆಳುವ ಪಕ್ಷವಾಗಿರಲಿಲ್ಲ. ಆದರೂ ಅದರ ಒತ್ತಾಯದಿಂದ 1881ರಲ್ಲಿ ಗೇಣಿಯ ಶಾಸನವೂ, 1883ರಲ್ಲಿ ಕೃಷಿಕೂಲಿಗಳಿಗೆ ಅರ್ಧ ಎಕರೆಯ ಹಿತ್ತಲೊಡನೆ ಕಡಮೆ ಬಾಡಿಗೆಯ ಮನೆಗಳನ್ನು ಕಟ್ಟಿಸುವ ಶಾಸನವೂ ಆದುವು. 1914ರ ಮಹಾಯುದ್ಧದ ವೇಳೆಗೆ ಅಂತಹ ಮನೆಗಳು 40,000ಕ್ಕೂ ಮೇಲಾಗಿದ್ದುವು. ಅಧಿಕಾರದಲ್ಲಿರುವವರು ತಾವಾಗಿ ಎತ್ತದ ವಿಷಯವನ್ನು ಬಿಡದೆ ಎತ್ತುವುದೇ ವಿರೋಧಪಕ್ಷದವರ ಕೈಲಾಗುವ ಕಾರ್ಯ. ಗೋಪಾಲಗೌಡರು ಮಾಡಿದುದೂ ಅದನ್ನೇ.

ಶಾಸನಗಳು ನಿಧಾನವಾಗಿ ಬಂದುವು. 1952ರ ಮೈಸೂರು ಗೇಣಿ ಶಾಸನವು ಗೇಣಿಯ ಪ್ರಮಾಣಕ್ಕೂ ಅವಧಿಗೂ ಕಟ್ಟು ಹಾಕಲು ಯತ್ನಿಸಿತು. 1961ರ ಭೂಸುಧಾರಣಾ ಶಾಸನ ಜಾರಿಗೆ ಬರಲು 1965ರ ಅಕ್ಟೋಬರ್ ತನಕ ಕಾಯಬೇಕಾಯಿತು. ಸ್ವಂತ ಬೇಸಾಯದ ಹೆಸರಿನಲ್ಲಿ ಒಡೆಯನು ನೆಲವನ್ನು ಹಿಂದಕ್ಕೆ ಪಡೆಯುವ ದಾರಿಯನ್ನು ಅದು ತೆರೆದೇ ಇಟ್ಟಿತ್ತು. ಗೋಪಾಲಗೌಡರು 1972ರ ಜೂನ್ 9ರಂದು, ಐವತ್ತು ತುಂಬುವ ಮೊದಲೇ ತೀರಿಕೊಂಡರು. ದೇವರಾಜ ಅರಸರು ಮುಖ್ಯಮಂತ್ರಿಗಳಾಗಿ ಆಗಿನ್ನೂ ಮೂರು ತಿಂಗಳು ತುಂಬಿರಲಿಲ್ಲ. 1974ರ ಮಾರ್ಚ್ 1ರಿಂದ ಜಾರಿಗೆ ಬಂದ ಅರಸರ ತಿದ್ದುಪಡಿಯು ಗೇಣಿಯನ್ನೇ ತೊಡೆದುಹಾಕಿತು. ಕಾಡು ಕಡಿದು ಹಸನುಮಾಡಿದವನದೇ ನೆಲವೆಂಬ ಭಾವ ನಮ್ಮ ಮನುಸ್ಮೃತಿಯಲ್ಲಿಯೂ ಉಂಟು. ಅದಕ್ಕೆ ಕಚೇರಿಯ ಮೊಹರು ಬಿದ್ದುದು ಆಗ. ಭೂನ್ಯಾಯಮಂಡಳಿಗಳ ಮುಂದೆ ವಕೀಲರಿಗೆ ಪ್ರವೇಶವಿಲ್ಲವೆಂದು ಮಾಡಿದುದರಿಂದ ಅಕ್ಷರ ಬಾರದ ಗೇಣಿದಾರನೂ ಬಾಯಿಬಿಟ್ಟು ಮಾತನಾಡುವಂತಾಯಿತು. ಅದೇ ಶಾಸನದ 38ನೆಯ ಪ್ರಕರಣವು, ಪರರ ಜಮೀನಿನಲ್ಲಿ ವಾಸದ ಮನೆ ಮಾಡಿಕೊಂಡಿದ್ದ ಕೃಷಿಕಾರ್ಮಿಕನಿಗೆ ಆ ಮನೆಯ ಮತ್ತು ನಿವೇಶನದ ಒಡೆತನ ಸಲ್ಲಬೇಕೆಂದು ವಿಧಿಸಿತು.

ಈ ಶಾಸನವನ್ನು ಸರ್ವದೋಷರಹಿತವೆಂದು ಹೊಗಳುವುದು ಸಾಧುವಲ್ಲ. ಎರಡು ಮೂರು ಎಕರೆಯನ್ನು ಗೇಣಿಗೆ ಬಿಟ್ಟು ಅದರಿಂದಲೇ ಅನ್ನ ಕಂಡುಕೊಂಡಿದ್ದ ವಿಧವೆಯರೂ ಅರ್ಚಕರೂ ದೊಡ್ಡ ಒಡೆಯರೊಡನೆಯೇ ನೆಲ ಕಳೆದುಕೊಂಡರು. ಗೇಣಿದಾರನೂ ಅಲ್ಲದ ಬರಿಯ ಕೂಲಿಯವನಿಗೆ, ಅವರಲ್ಲಿಯೂ ಹೊಲಗೇರಿಯವರಿಗೆ, ಗದ್ದೆ ಸಿಕ್ಕಲಿಲ್ಲ. ಸಿಕ್ಕಿದರೆ ಮನೆಯ ನೆಲ ಮಾತ್ರ. ಅರ್ಜಿ ಹಾಕಲು ತಿಳಿಯದವರಿಗೆ ಅದೂ ಇಲ್ಲ. ಗೇಣಿದಾರನ ಕೂಗನ್ನೇ ಕೇಳಿದ ಸಮಾಜವಾದಿಗಳ ಕಿವಿಗೆ ಅವನ ಕೈಕೆಳಗಿನ ಕೂಲಿಯವನ ದನಿ ಅಷ್ಟಾಗಿ ಬೀಳಲಿಲ್ಲವೆಂಬ ಆಕ್ಷೇಪಕ್ಕೆ ಆಧಾರವಿದೆ.

ಉಳಿದ ಕೆಲಸವು ಶಿಷ್ಯಪರಂಪರೆಗೆ ಬಂದಿತು. 1967ರಲ್ಲಿ ಸೊರಬದಿಂದ ಸಮಾಜವಾದಿಯಾಗಿ ಶಾಸನಸಭೆಗೆ ಬಂದ ಎಸ್. ಬಂಗಾರಪ್ಪನವರು 1990ರಲ್ಲಿ ಮುಖ್ಯಮಂತ್ರಿಗಳಾದ ಮೇಲೆ, ಬಡವರಿಗೆ ಮನೆ ಕಟ್ಟಿಸಿಕೊಡುವ ‘ಆಶ್ರಯ’ ಯೋಜನೆಯನ್ನು ಆರಂಭಿಸಿದರು. ಅದೇ ಜಿಲ್ಲೆಯಲ್ಲಿ ಸಮಾಜವಾದದ ಗರಡಿಯಲ್ಲಿ ಪಳಗಿದ ಕಡಿದಾಳು ಶಾಮಣ್ಣ, ಎನ್. ಡಿ. ಸುಂದರೇಶ್ ಮೊದಲಾದವರು 1980ರಲ್ಲಿ ಹುಟ್ಟಿದ ಕರ್ನಾಟಕ ರಾಜ್ಯ ರೈತಸಂಘವನ್ನು ಕಟ್ಟಿದವರಲ್ಲಿ ಸೇರಿದ್ದರು. ಆ ಸಂಘವೇ ಕಿರಂಗೂರಿನ ನೆರೆಗೂ ಬಂದಿತು: ಕ್ಯಾತನಹಳ್ಳಿಯ ಕೆ. ಎಸ್. ಪುಟ್ಟಣ್ಣಯ್ಯನವರು 1994ರಲ್ಲಿ ಪಾಂಡವಪುರದಿಂದಲೂ 2013ರಲ್ಲಿ ಮೇಲುಕೋಟೆಯಿಂದಲೂ ಆರಿಸಿಬಂದು, 2018ರ ಫೆಬ್ರವರಿಯಲ್ಲಿ ಕಾಲವಾಗುವವರೆಗೆ ರೈತನ ಪರವಾಗಿ ಮಾತನಾಡಿದರು. ಮಂತ್ರಿಪದವಿ ಅವರಿಗೂ ಬರಲಿಲ್ಲ.

ಕಂದಾಯದ ದಾಖಲೆಯಲ್ಲಿ ಊರೆಂದೇ ಎಣಿಕೆಗೆ ಬಾರದ ಗೊಲ್ಲರಹಟ್ಟಿ, ಲಂಬಾಣಿ ತಾಂಡ, ಹಾಡಿಗಳು ನಾಡಿನಲ್ಲಿ ಬಹಳ ಉಳಿದಿದ್ದುವು. ಅಲ್ಲಿ ಖಾಸಗಿ ಜಮೀನಿನ ಮೇಲೆ ಮನೆ ಕಟ್ಟಿಕೊಂಡವರಿಗೆ ಹಕ್ಕುಪತ್ರ ಕೊಡಲು ಭೂಸುಧಾರಣಾ ಶಾಸನಕ್ಕೆ 38ಎ ಎಂಬ ಹೊಸ ಪ್ರಕರಣವನ್ನು ಸೇರಿಸುವ ವಿಧೇಯಕವು 2016ರಲ್ಲಿ ಬಂದಿತು. ರಾಷ್ಟ್ರಪತಿಗಳ ಒಪ್ಪಿಗೆ ಪಡೆದು 2017ರಲ್ಲಿ ಶಾಸನವಾಯಿತು. ಉಳುವವನೇ ಹೊಲದೊಡೆಯ ಎಂಬ ಹಳೆಯ ಘೋಷಣೆಯ ಜೊತೆಗೆ ವಾಸಿಸುವವನೇ ಮನೆಯೊಡೆಯ ಎಂಬ ಹೊಸದನ್ನು ಆಗ ಸಾರಿದ ಕಂದಾಯ ಮಂತ್ರಿಗಳು ತಿಮ್ಮಪ್ಪನವರು, ಸತ್ಯಾಗ್ರಹದ ಅದೇ ಕಾಗೋಡು ಗ್ರಾಮದವರು.