ಮಲೆನಾಡಿನ ಕಿರುಪ್ರತಿಕೃತಿ ಪರಂಪರೆ: ಇಕ್ಕೇರಿಯಿಂದ ಹೊಳೆಬಾಗಿಲಿನವರೆಗೆ

೧

ಕಲಾಶಾಲೆಗಳಲ್ಲಿಯೂ ನಾಟಕಶಾಲೆಗಳಲ್ಲಿಯೂ ವಿದ್ಯಾರ್ಥಿಯು ರಂಗಸಜ್ಜಿಕೆಯ ಕಿರುಪ್ರತಿಕೃತಿಯನ್ನೂ ಅದರೊಳಗೆ ನಿಲ್ಲಿಸತಕ್ಕ ಪಾತ್ರಗಳ ಬೊಂಬೆಗಳನ್ನೂ ತನ್ನ ಕೈಯಿಂದಲೇ ಮಾಡಿ ಒಪ್ಪಿಸುವ ಪದ್ಧತಿಯುಂಟು. ರಟ್ಟು, ಬೆಂಡು, ಬಿದಿರಿನ ಸೀಳು, ತಂತಿ, ಜೇಡಿಮಣ್ಣು ಇವೇ ಅದರ ಸಾಮಗ್ರಿಗಳು. ನೋಡುವವರಿಗೆ ಇದು ಮಕ್ಕಳ ಆಟಿಕೆಯಂತೆ ತೋರಬಹುದು. ಆದರೆ ಮಾಡುವವನಿಗೆ ಇದು ಒಂದು ವಿಚಾರಕ್ರಮ. ಬಾಗಿಲು ಎಷ್ಟು ಎತ್ತರವಿರಬೇಕು, ಜಗಲಿಯ ಮೇಲೆ ಕುಳಿತವನು ಅಂಗಳದಲ್ಲಿ ನಿಂತವನಿಗೆ ಕಾಣುವನೇ, ಹಣತೆಯ ಬೆಳಕು ಎಲ್ಲಿಯವರೆಗೆ ಹರಿಯುವುದು ಎಂಬ ಪ್ರಶ್ನೆಗಳಿಗೆ ಮರ ಬಟ್ಟೆಗಳನ್ನು ವೆಚ್ಚಮಾಡುವ ಮೊದಲೇ ಇಲ್ಲಿ ಉತ್ತರ ದೊರೆಯುತ್ತದೆ.

ಈ ಅಭ್ಯಾಸವು ಪಶ್ಚಿಮದಿಂದ ಬಂದುದೆಂದು ಸಾಮಾನ್ಯವಾಗಿ ಹೇಳಲಾಗುತ್ತದೆ. ೧೮೫೦ರಲ್ಲಿ ಮದರಾಸಿನಲ್ಲಿಯೂ ೧೮೫೭ರಲ್ಲಿ ಮುಂಬಯಿಯಲ್ಲಿಯೂ ಸ್ಥಾಪಿತವಾದ ಕಲಾಶಾಲೆಗಳನ್ನೂ, ಆಮೇಲಿನ ನಾಟಕಶಾಲೆಗಳನ್ನೂ ನೆನೆದರೆ ಆ ಮಾತಿನಲ್ಲಿ ಸತ್ಯಾಂಶವಿದೆಯೆಂದು ಒಪ್ಪಬೇಕಾಗುತ್ತದೆ. ಆದರೆ ಅದು ಪೂರ್ಣ ಸತ್ಯವಲ್ಲ. ಕಿರುಪ್ರತಿಕೃತಿಗೆ ಮೂರು ಅಂಗಗಳು ಬೇಕು: ನಿಶ್ಚಿತವಾದ ಅಳತೆ, ಸಣ್ಣದರಲ್ಲಿ ದೊಡ್ಡದನ್ನು ಕಾಣುವ ಕಣ್ಣು, ಬೊಂಬೆಗೆ ಜೀವಕೊಡುವ ಕೈ. ಸಾಗರ, ಹೊಸನಗರ, ತೀರ್ಥಹಳ್ಳಿ ಸೀಮೆಯಲ್ಲಿ ಈ ಮೂರೂ ಬಹುಕಾಲದಿಂದ ಇದ್ದುವು. ಆದರೆ ಒಂದೇ ಕಡೆಯಲ್ಲಿ ಇರಲಿಲ್ಲ. ಅವು ಎಲ್ಲೆಲ್ಲಿ ಇದ್ದುವು, ಹೇಗೆ ಹತ್ತಿರ ಬಂದುವು, ಇನ್ನೂ ಏನು ಕೂಡಿಕೊಳ್ಳಬೇಕಾಗಿದೆ ಎಂಬುದನ್ನು ಈ ಲೇಖನದಲ್ಲಿ ವಿಚಾರಿಸಲು ಯತ್ನಿಸಿದ್ದೇವೆ.

೨

ಮೊದಲು ಅಳತೆಯ ವಿಷಯ. ಸಾಗರಕ್ಕೆ ಸಮೀಪದ ಇಕ್ಕೇರಿಯು ೧೬ನೆಯ ಶತಮಾನದಲ್ಲಿ ಕೆಳದಿಯ ಅರಸರ ರಾಜಧಾನಿಯಾಗಿದ್ದಿತು. ೧೬೩೯ರಲ್ಲಿ ರಾಜಧಾನಿಯು ಬಿದನೂರಿಗೆ, ಎಂದರೆ ಇಂದಿನ ಹೊಸನಗರ ತಾಲ್ಲೂಕಿನ ನಗರಕ್ಕೆ, ಹೋದ ಮೇಲೆಯೂ ಇಕ್ಕೇರಿಯ ಅಘೋರೇಶ್ವರ ದೇವಾಲಯದ ಮಹತ್ತ್ವ ಕುಂದಲಿಲ್ಲ. ಅದಕ್ಕೆ ಒಂದು ವಿಶಿಷ್ಟ ನಿದರ್ಶನವನ್ನು ಬಿ. ಎಲ್. ರೈಸ್ ಅವರು ತಮ್ಮ ಮೈಸೂರು ಗೆಜೆಟಿಯರಿನಲ್ಲಿ ದಾಖಲಿಸಿದ್ದಾರೆ. ಈ ದೇವಾಲಯದ ನಡುಗಂಬಗಳ ನಡುವಣ ಅಂತರವೇ ತೋಟದ ಭೂಮಿಯನ್ನು ಅಳೆಯುವ ಕೋಲಾಗಿ ಅಂಗೀಕೃತವಾಯಿತು. ಇಂಗ್ಲಿಷ್ ಅಳತೆಯಲ್ಲಿ ಅದು ೧೮ ಅಡಿ ೬ ಅಂಗುಲ. ೧೬೪೫ರಿಂದ ೧೬೬೦ರವರೆಗೆ ಆಳಿದ ಶಿವಪ್ಪನಾಯಕನ ‘ಶಿಸ್ತು’ ಎಂಬ ಕಂದಾಯ ವ್ಯವಸ್ಥೆಯೊಡನೆ ಈ ಅಳತೆಯ ಹೆಸರು ಸೇರಿಕೊಂಡಿದೆ.

ಇದರ ಅರ್ಥವನ್ನು ಸ್ವಲ್ಪ ನಿಧಾನಿಸಿ ನೋಡಬೇಕು. ಅರಸನ ಕೋಲು ಸವೆಯಬಹುದು, ಅಧಿಕಾರಿಯು ಅದನ್ನು ಕುಗ್ಗಿಸಬಹುದು ಅಥವಾ ಹಿಗ್ಗಿಸಬಹುದು. ಕಲ್ಲುಕಂಬಗಳ ಅಂತರವನ್ನು ಯಾರೂ ಬದಲಿಸಲಾರರು. ಅಡಕೆ ತೋಟದ ಒಡೆಯನಿಗೆ ಸಂಶಯ ಬಂದರೆ ದೇವಾಲಯಕ್ಕೆ ಹೋಗಿ ಕೋಲನ್ನು ಇಟ್ಟು ನೋಡುವುದಕ್ಕೆ ಸಾಧ್ಯವಿತ್ತು. ಒಂದು ಕಟ್ಟಡವು ಊರೂರಿನ ತೋಟಗಳಿಗೆ ಮಾನದಂಡವಾಗಿ ನಿಂತಿತು. ದೊಡ್ಡ ಭೂಮಿಯನ್ನು ಒಂದು ಸ್ಥಿರವಾದ ಏಕಮಾನದಿಂದ ತಿಳಿಯುವ ಈ ಬುದ್ಧಿಯೇ ಪ್ರತಿಕೃತಿರಚನೆಯ ಮೊದಲ ಮೆಟ್ಟಿಲು. ಇಂದು ರಂಗವಿನ್ಯಾಸದಲ್ಲಿ ಅರ್ಧ ಅಂಗುಲವನ್ನು ಒಂದು ಅಡಿಯೆಂದು ಹಿಡಿಯುವ ರೂಢಿಯುಂಟು. ಅದರಂತೆ ಇಕ್ಕೇರಿಯ ಕಂಬಗಳ ಅಂತರವು ವಿದ್ಯಾರ್ಥಿಯ ಹಲಗೆಯ ಮೇಲೆ ೯¼ ಅಂಗುಲವಾಗುತ್ತದೆ. ಐದೂವರೆ ಅಡಿಯ ಮನುಷ್ಯನು ೨¾ ಅಂಗುಲದ ಬೊಂಬೆಯಾಗುತ್ತಾನೆ. ಮೂರು ಬೊಂಬೆಗಳನ್ನು ತಲೆಗೆ ಕಾಲು ಮುಟ್ಟುವಂತೆ ಮಲಗಿಸಿದರೂ ಆ ಅಂತರವು ತುಂಬುವುದಿಲ್ಲ. ಆ ಮಂಟಪದ ವೈಶಾಲ್ಯವನ್ನು ಈ ಒಂದು ಲೆಕ್ಕವು ಪುಟಗಟ್ಟಲೆ ವರ್ಣನೆಗಿಂತ ಚೆನ್ನಾಗಿ ಮನದಟ್ಟು ಮಾಡುತ್ತದೆ.

೩

ಇನ್ನು ಸಣ್ಣದರಲ್ಲಿ ದೊಡ್ಡದನ್ನು ಕಾಣುವ ಕಣ್ಣು. ದ್ರಾವಿಡ ಶೈಲಿಯ ದೇವಾಲಯಗಳ ಶಿಖರಗಳನ್ನೂ ಭಿತ್ತಿಗಳನ್ನೂ ನೋಡಿದವರಿಗೆ ಅವುಗಳ ಮೇಲೆ ಸಾಲಾಗಿ ನಿಂತ ಕೂಟ, ಶಾಲಾ, ಪಂಜರಗಳು ಪರಿಚಿತವಾಗಿವೆ. ಇವು ಬರಿಯ ಅಲಂಕಾರಗಳಲ್ಲ. ಒಂದೊಂದೂ ಒಂದು ಕಿರುದೇಗುಲ. ಕಿರುದೇಗುಲಗಳು ಕೂಡಿ ಹಿರಿದೇಗುಲವಾಗುವುದೇ ಈ ವಾಸ್ತುವಿನ ತತ್ತ್ವವೆಂದು ಇತ್ತೀಚಿನ ವಿದ್ವಾಂಸರು ವಿವರಿಸಿದ್ದಾರೆ. ಆದರೆ ಇಲ್ಲಿ ಒಂದು ಎಚ್ಚರಿಕೆ ಅಗತ್ಯ. ಈ ಕಿರುದೇಗುಲಗಳು ಯಾವುದೋ ಒಂದು ಕಟ್ಟಡವನ್ನು ಗಣಿತಬದ್ಧವಾಗಿ ಕುಗ್ಗಿಸಿದ ನಕಲುಗಳಲ್ಲ. ಮುಂದೆ ಕಟ್ಟತಕ್ಕುದಕ್ಕೆ ಮಾಡಿದ ಮಾದರಿಗಳೂ ಅಲ್ಲ. ಅವು ದೇವಾಲಯವೆಂಬ ಭಾವದ ಅನುಕೃತಿಗಳು. ಇವನ್ನು ರಂಗವಿನ್ಯಾಸದ ಪ್ರತಿಕೃತಿಗಳ ಪೂರ್ವಜರೆಂದು ಹೇಳಿಬಿಡುವುದು ಅಭಿಮಾನದ ಮಾತಾದೀತೇ ಹೊರತು ಇತಿಹಾಸವಾಗಲಾರದು. ಶಿಲ್ಪಿಯ ಕಣ್ಣು ಒಂದೇ ರೂಪವನ್ನು ಹಲವು ಗಾತ್ರಗಳಲ್ಲಿ ಗುರುತಿಸಬಲ್ಲುದಾಗಿತ್ತೆಂದು ಮಾತ್ರ ನಾವು ಹೇಳಬಹುದು.

ಮನೆಯ ಗೋಡೆಯ ಮೇಲೆಯೂ ಇದೇ ಕಣ್ಣು ಕೆಲಸ ಮಾಡಿದೆ. ದೀವರ ಹೆಂಗಸರು ಕೆಮ್ಮಣ್ಣು ಬಳಿದ ಗೋಡೆಯ ಮೇಲೆ ಅಕ್ಕಿಹಿಟ್ಟಿನ ಬಿಳಿಯಿಂದ ಬರೆಯುವ ಹಸೆ ಚಿತ್ತಾರದಲ್ಲಿ ಮದುಮಕ್ಕಳು ಮೂರು ನಾಲ್ಕು ಗೆರೆಗಳ ಬೊಂಬೆಗಳಾಗಿ ನಿಲ್ಲುತ್ತಾರೆ. ಅಲ್ಲಿ ಮುಖವಿಲ್ಲ, ಮೂಗಿಲ್ಲ. ಆದರೂ ಅದು ಮದುವೆಯ ಮನೆಯೆಂಬುದರಲ್ಲಿ ಸಂದೇಹ ಉಳಿಯುವುದಿಲ್ಲ. ಪಾತ್ರದ ಬೊಂಬೆಯಲ್ಲಿ ಏನನ್ನು ಬಿಡಬೇಕೆಂಬುದನ್ನು ಕಲಿಯಬೇಕಾದ ವಿದ್ಯಾರ್ಥಿಗೆ ಇದಕ್ಕಿಂತ ಒಳ್ಳೆಯ ಪಾಠ ದೊರೆಯದು.

೪

ಮೂರನೆಯದು ಕೈ. ಈ ಸೀಮೆಯಲ್ಲಿ ಕೈಯೆಂದರೆ ಗುಡಿಗಾರರ ಕೈ. ಸಾಗರ, ಸೊರಬಗಳಲ್ಲಿಯೂ ಘಟ್ಟದ ಆಚೆ ಉತ್ತರ ಕನ್ನಡದ ಊರುಗಳಲ್ಲಿಯೂ ನೆಲೆಸಿರುವ ಈ ಕುಶಲಿಗಳು ಗೋವೆಯ ಕಡೆಯಿಂದ ಬಂದವರೆಂಬ ಐತಿಹ್ಯವುಂಟು. ಶ್ರೀಗಂಧದ ಪೆಟ್ಟಿಗೆಗಳಿಂದ ಇವರ ಹೆಸರು ದೂರದೇಶಗಳನ್ನು ಮುಟ್ಟಿತು. ಇವರ ಕೆಲಸದ ಕ್ರಮವನ್ನು ರೈಸ್ ಅವರು ೧೯ನೆಯ ಶತಮಾನದಲ್ಲಿಯೇ ವರ್ಣಿಸಿದ್ದಾರೆ: ಮೊದಲು ಮರದ ಮೈಯನ್ನು ನಯಗೊಳಿಸುವುದು, ಬಿಳಿಯ ಬಣ್ಣದ ಅಥವಾ ಅಂಟಿಸಿದ ಕಾಗದದ ಮೇಲೆ ಚಿತ್ರವನ್ನು ಬರೆಯುವುದು, ಗೆರೆಗಳನ್ನು ಕೊರೆದು ನಡುವಿನ ನೆಲವನ್ನು ತೆಗೆಯುವುದು, ಕೊನೆಗೆ ರೂಪಗಳನ್ನು ಬಿಡಿಸುವುದು. ಗೈರೇಖೆಯಿಂದ ಘನರೂಪಕ್ಕೆ ಹೋಗುವ ಈ ದಾರಿಯೇ ಇಂದಿನ ಕಲಾಶಾಲೆಯ ದಾರಿಯೂ ಆಗಿದೆ.

ಶ್ರೀಗಂಧದ ಕೀರ್ತಿಯಲ್ಲಿ ಗುಡಿಗಾರರ ಇನ್ನೊಂದು ವಿದ್ಯೆ ಮರೆಯಾಗಿಬಿಟ್ಟಿದೆ. ಅದು ಬೆಂಡಿನ ಕೆಲಸ. ಮದುವೆಯ ಬಾಸಿಂಗ, ಹಾರ, ಹೂವುಗಳನ್ನು ಇವರು ಬೆಂಡಿನಿಂದ ಮಾಡುವರು. ನೀರಿನಲ್ಲಿ ಬೆಳೆಯುವ ಗಿಡದ ಕಾಂಡದ ತಿರುಳಾದ ಬೆಂಡು ಹಗುರ, ಬಿಳಿ, ಹರಿತವಾದ ಕತ್ತಿಗೆ ಸುಲಭವಾಗಿ ಬಗ್ಗುವಂಥದು. ಮೊಂಡು ಕತ್ತಿಯನ್ನು ಅದು ಕ್ಷಮಿಸುವುದಿಲ್ಲ. ಅಂಚು ಕೂಡಲೆ ಪುಡಿಯಾಗುತ್ತದೆ. ಕಿರುಪ್ರತಿಕೃತಿಗೆ ಪಶ್ಚಿಮದವರು ಬಾಲ್ಸಾ ಮರವನ್ನು ಬಳಸುವಲ್ಲಿ ನಮ್ಮವರಿಗೆ ಬೆಂಡು ಕೈಗೆಟಕುವ ವಸ್ತುವಾಗಿದೆ.

ಗುಡಿಗಾರರ ಮಟ್ಟಿಗೆ ಈ ಹೋಲಿಕೆ ಕೇವಲ ಕುತೂಹಲದ್ದಲ್ಲ. ೧೭೯೨ರಲ್ಲಿ ಟಿಪ್ಪುವು ಶ್ರೀಗಂಧವನ್ನು ರಾಜವೃಕ್ಷವೆಂದು ಘೋಷಿಸಿದಂದಿನಿಂದ ಆ ಮರವು ಸರಕಾರದ ವಶದಲ್ಲಿಯೇ ಉಳಿದಿತ್ತು. ೨೦೦೧ರ ಕಾಯಿದೆಯ ತಿದ್ದುಪಡಿಯಿಂದ ಭೂಮಿಯ ಒಡೆಯನಿಗೆ ಮರದ ಒಡೆತನ ದೊರೆತರೂ, ಮರ ವಿರಳವಾಗಿ ಬೆಲೆ ಏರಿದುದರಿಂದ ಕೆತ್ತನೆಗಾರನಿಗೆ ಸಾಮಗ್ರಿಯು ದುರ್ಲಭವಾಗಿಯೇ ಇದೆ. ಮರವಿಲ್ಲದೆ ಕೈ ಸುಮ್ಮನಿದ್ದರೆ ಒಂದೆರಡು ತಲೆಮಾರುಗಳಲ್ಲಿ ವಿದ್ಯೆಯು ಅಳಿಯುತ್ತದೆ. ಕೈಗೆ ಹೊಸ ಕೆಲಸ ಬೇಕು.

೫

ಈ ಅಂಗಗಳು ಹತ್ತಿರ ಬರುವುದಕ್ಕೆ ಅವಕಾಶ ಒದಗಿದುದು ಸಾಗರ ತಾಲ್ಲೂಕಿನ ಹೆಗ್ಗೋಡಿನಲ್ಲಿ. ೧೯೪೯ರಲ್ಲಿ ಅಲ್ಲಿ ನೀಲಕಂಠೇಶ್ವರ ನಾಟ್ಯಸೇವಾ ಸಂಘ, ಎಂದರೆ ನೀನಾಸಂ, ಹುಟ್ಟಿತು. ಕೆ. ವಿ. ಸುಬ್ಬಣ್ಣನವರ ನೇತೃತ್ವದಲ್ಲಿ ೧೯೭೨ರಲ್ಲಿ ಶಿವರಾಮ ಕಾರಂತ ರಂಗಮಂದಿರವೂ, ೧೯೮೦ರಲ್ಲಿ ರಂಗಶಿಕ್ಷಣ ಕೇಂದ್ರವೂ, ೧೯೮೫ರಲ್ಲಿ ‘ತಿರುಗಾಟ’ವೂ ರೂಪುಗೊಂಡುವು. ೧೯೯೧ರಲ್ಲಿ ಸುಬ್ಬಣ್ಣನವರಿಗೆ ಮ್ಯಾಗ್ಸೆಸೆ ಪ್ರಶಸ್ತಿ ಸಂದಿತು. ಅಡಕೆ ತೋಟಗಳ ನಡುವಣ ಒಂದು ಹಳ್ಳಿಯಲ್ಲಿ ರಂಗಕಲೆಯು ಪಾಠಕ್ರಮವಾದುದು ಕರ್ನಾಟಕದ ಸಾಂಸ್ಕೃತಿಕ ಇತಿಹಾಸದಲ್ಲಿ ಸಾಮಾನ್ಯ ಸಂಗತಿಯಲ್ಲ.

ವೃತ್ತಿನಾಟಕ ಮಂಡಲಿಗಳ ಕಾಲದಲ್ಲಿ ರಂಗಸಜ್ಜಿಕೆಯೆಂದರೆ ವೈಭವವಾಗಿದ್ದಿತು. ಗುಬ್ಬಿ ಕಂಪನಿಯು ೧೯೩೪ರ ‘ಕುರುಕ್ಷೇತ್ರ’ದಲ್ಲಿ ಆನೆ ಕುದುರೆಗಳನ್ನೇ ರಂಗಕ್ಕೆ ತಂದುದು ಪ್ರಸಿದ್ಧವಾಗಿದೆ. ತಿರುಗಾಟಕ್ಕೆ ಬೇಕಾದುದು ಇದಕ್ಕೆ ತೀರ ವಿರುದ್ಧವಾದ ಗುಣ. ಊರಿಂದೂರಿಗೆ ಹೊತ್ತೊಯ್ಯಬೇಕಾದ ಸಜ್ಜಿಕೆ ಹಗುರವಾಗಿರಬೇಕು, ಬಿಚ್ಚಿ ಕಟ್ಟುವುದಕ್ಕೆ ಒದಗಬೇಕು, ಇಂದಿನ ದೊಡ್ಡ ರಂಗಕ್ಕೂ ನಾಳೆಯ ಇಕ್ಕಟ್ಟಾದ ರಂಗಕ್ಕೂ ಹೊಂದಬೇಕು. ಇಂಥ ಸಜ್ಜಿಕೆಯಲ್ಲಿ ತಪ್ಪು ಮಾಡಿದರೆ ತಿದ್ದುವುದಕ್ಕೆ ದಾರಿಯಲ್ಲಿ ಸಮಯವಿಲ್ಲ. ಆದುದರಿಂದಲೇ ಮುಂಚಿತವಾಗಿ ಸಣ್ಣದರಲ್ಲಿ ಯೋಚಿಸುವ ಅಗತ್ಯವು ಸಂಚಾರಿ ರಂಗಭೂಮಿಗೆ ಹೆಚ್ಚು.

ಆದರೆ ಪ್ರತಿಕೃತಿಯು ಮೋಸಮಾಡುವುದೂ ಉಂಟು. ೧೯೧೨ರಲ್ಲಿ ಮಾಸ್ಕೋ ಕಲಾರಂಗಮಂದಿರದಲ್ಲಿ ‘ಹ್ಯಾಮ್ಲೆಟ್’ ನಾಟಕಕ್ಕೆ ಎಡ್ವರ್ಡ್ ಗಾರ್ಡನ್ ಕ್ರೇಗ್ ಎತ್ತರವಾದ ಚಲಿಸುವ ತೆರೆಗಳನ್ನು ಯೋಜಿಸಿದನು. ಕಿರುರಂಗದಲ್ಲಿ ಕೆತ್ತಿದ ಮರದ ಬೊಂಬೆಗಳನ್ನು ನಿಲ್ಲಿಸಿ ನೋಡುವುದು ಅವನ ಕ್ರಮವಾಗಿತ್ತು. ಮೊದಲ ಪ್ರದರ್ಶನಕ್ಕೆ ಸ್ವಲ್ಪ ಮುಂಚೆ ಆ ತೆರೆಗಳು ಒಂದರ ಮೇಲೊಂದು ಉರುಳಿದುವೆಂದು ಸ್ಟಾನಿಸ್ಲಾವ್‌ಸ್ಕಿ ಆತ್ಮಕಥೆಯಲ್ಲಿ ಬರೆದನು. ಕ್ರೇಗ್ ಅದನ್ನು ಅಲ್ಲಗಳೆದನು. ಯಾರ ಮಾತು ನಿಜವಾಗಿದ್ದರೂ ತತ್ತ್ವವು ಸ್ಪಷ್ಟ. ಇಪ್ಪತ್ತನಾಲ್ಕನೆಯ ಒಂದು ಪಾಲಿನ ಪ್ರತಿಕೃತಿಯನ್ನು ಅದೇ ವಸ್ತುವಿನಿಂದ ಪೂರ್ಣ ಗಾತ್ರಕ್ಕೆ ಹಿಗ್ಗಿಸಿದರೆ ಉದ್ದವು ೨೪ ಪಟ್ಟಾಗುತ್ತದೆ, ತೂಕವು ೧೩,೮೨೪ ಪಟ್ಟಾಗುತ್ತದೆ. ರೂಪವು ಕುಗ್ಗಿದಂತೆ ಭಾರವು ಕುಗ್ಗುವುದಿಲ್ಲ. ಬೊಂಬೆಯ ಅಂದವನ್ನು ನೋಡಿ ಮೆಚ್ಚಿದ ಅಧ್ಯಾಪಕನು ಈ ಲೆಕ್ಕವನ್ನೂ ಕೇಳಬೇಕು.

೬

ಇಷ್ಟನ್ನು ಹೇಳಿದ ಮೇಲೆ ಹೊಳೆಬಾಗಿಲಿಗೆ ಬರುತ್ತೇವೆ. ಸಾಗರದಿಂದ ಸಿಗಂದೂರಿಗೆ ಹೋಗುವ ದಾರಿಯಲ್ಲಿ ಶರಾವತಿಯ ಹಿನ್ನೀರಿನ ದಡದ ಈ ಸ್ಥಳವು ಹೆಸರಿಗೆ ತಕ್ಕಂತೆ ಹೊಳೆಯ ಬಾಗಿಲಾಗಿತ್ತು. ೧೯೬೪ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಪೂರ್ಣವಾದಾಗ ಕಣಿವೆಯ ಮನೆ, ಗದ್ದೆ, ತೋಟ, ಗುಡಿಗಳು ನೀರಿನ ಪಾಲಾದುವು. ಜನರು ಬೇರೆಡೆಗೆ ಎದ್ದುಹೋಗಬೇಕಾಯಿತು. ಆಚೆಯ ದಡದ ತುಮರಿ ಮೊದಲಾದ ಊರುಗಳು ದ್ವೀಪದಂತಾದುವು. ಅದಕ್ಕೂ ಹಿಂದಿನ ಹಿರೇಭಾಸ್ಕರ ಅಣೆಕಟ್ಟೇ ಈ ನೀರಿನಲ್ಲಿ ಮುಳುಗಿ, ನೀರು ಬಹಳ ಇಳಿದ ಬೇಸಗೆಗಳಲ್ಲಿ ಮಾತ್ರ ತಲೆದೋರುತ್ತದೆ. ದಶಕಗಳ ಕಾಲ ಬಸ್ಸು, ಕಾರು, ಜನ ಎಲ್ಲವೂ ಲಾಂಚಿನ ಮೇಲೆ ಇಲ್ಲಿ ಹೊಳೆ ದಾಟಿದುವು. ೨೦೨೫ರ ಜುಲೈ ೧೪ರಂದು ಅಂಬಾರಗೋಡ್ಲು–ಕಳಸವಳ್ಳಿ ಸೇತುವೆಯು ಉದ್ಘಾಟನೆಯಾಯಿತು. ರಾತ್ರಿಯ ವೇಳೆ ರೋಗಿಯನ್ನು ದಾಟಿಸಲಾರದೆ ದಡದಲ್ಲಿ ಕಾಯುವ ಕಷ್ಟ ತೀರಿತು. ಇದು ಸಂತೋಷದ ಸಂಗತಿ. ಆದರೆ ಲಾಂಚಿಗಾಗಿ ಕಾಯುತ್ತಿದ್ದ ಜನ, ಸಾಲುಗಟ್ಟಿದ ವಾಹನಗಳು, ನೀರಿನ ಮಟ್ಟದೊಡನೆ ಮೇಲೂ ಕೆಳಗೂ ಸರಿಯುತ್ತಿದ್ದ ಕಟ್ಟೆ, ಈ ದೃಶ್ಯವು ಇತಿಹಾಸಕ್ಕೆ ಸೇರಿತು.

ಕಲಾಪಾಠದ ಅಭ್ಯಾಸಕ್ಕೆ ಈ ದೃಶ್ಯವನ್ನೇ ಕೊಡಬೇಕೆಂಬುದು ನಮ್ಮ ಸೂಚನೆ. ಅರ್ಧ ಅಂಗುಲಕ್ಕೆ ಒಂದು ಅಡಿಯಂತೆ ಮಾಡಿದರೆ ಹಲಗೆಯು ಬಹಳ ದೊಡ್ಡದಾಗುವುದರಿಂದ ಕಾಲಂಗುಲದ ಅಳತೆ ಸಾಕು. ಮನುಷ್ಯನು ಆಗ ೧⅜ ಅಂಗುಲವಾಗುತ್ತಾನೆ. ಜಲಾಶಯದ ಪೂರ್ಣಮಟ್ಟ ಸಮುದ್ರಮಟ್ಟದಿಂದ ೧,೮೧೯ ಅಡಿ. ಮಳೆಗಾಲದ ಕೊನೆಯಲ್ಲಿ ನೀರು ಕಾಡಿನ ಅಂಚನ್ನು ಮುಟ್ಟಿದರೆ, ಬೇಸಗೆಯಲ್ಲಿ ಕೆಂಪು ಮಣ್ಣಿನ ಇಳಿಜಾರು ಬಹುದೂರ ಬತ್ತಲಾಗುತ್ತದೆ. ಒಂದೇ ಪ್ರತಿಕೃತಿಯಲ್ಲಿ ಎರಡು ಋತುಗಳನ್ನು ತೋರಿಸುವಂತೆ ನೀರಿನ ಹಲಗೆಯನ್ನು ಎತ್ತಿ ಇಳಿಸುವ ಉಪಾಯವನ್ನು ವಿದ್ಯಾರ್ಥಿಯೇ ಕಂಡುಹಿಡಿಯಲಿ. ಬೊಂಬೆಗಳಿಗೆ ಮುಖವನ್ನು ಬರೆಯುವ ಅಗತ್ಯವಿಲ್ಲ. ಕಾಯುವವನ ನಿಲುವು, ತಲೆಹೊರೆಯ ಹೆಂಗಸಿನ ಕತ್ತು, ಹಗ್ಗ ಎಸೆಯುವವನ ತೋಳು ಇಷ್ಟು ಸರಿಯಾದರೆ ಸಾಕು. ಈ ಬೊಂಬೆಗಳನ್ನು ಬೆಂಡಿನಲ್ಲಿ ಕೆತ್ತುವುದನ್ನು ಗುಡಿಗಾರರಿಂದಲೇ ಕಲಿಯಬೇಕು. ಅವರನ್ನು ಪ್ರದರ್ಶನದ ದಿನದ ಅತಿಥಿಗಳನ್ನಾಗಿ ಮಾತ್ರವಲ್ಲ, ಸಂಬಳದ ಅಧ್ಯಾಪಕರನ್ನಾಗಿ ಕರೆಯಬೇಕು.

ಇದಕ್ಕಿಂತ ಮುಖ್ಯವಾದ ಕೆಲಸವೊಂದಿದೆ. ಮುಳುಗಿದ ಮನೆಗಳ ಜಗಲಿ, ಅಂಗಳ, ಅಟ್ಟ, ಕೊಟ್ಟಿಗೆಗಳ ವಿವರ ಬಲ್ಲವರು ಈಗ ವೃದ್ಧರು. ಅಂದು ಹತ್ತು ವರ್ಷದ ಬಾಲಕನಾಗಿದ್ದವನಿಗೆ ಇಂದು ಎಪ್ಪತ್ತು ದಾಟಿದೆ. ಮಾತಿನಲ್ಲಿ ಕೇಳಿದರೆ ಅವರು ‘ದೊಡ್ಡ ಮನೆ’ ಎಂದಷ್ಟೇ ಹೇಳಬಹುದು. ರಟ್ಟಿನ ಗೋಡೆಗಳನ್ನೂ ಒಂದು ಬೊಂಬೆಯನ್ನೂ ಮುಂದಿಟ್ಟು ‘ಬಾಗಿಲು ಎಲ್ಲಿತ್ತು, ಎಷ್ಟು ಬಗ್ಗಿ ಒಳಗೆ ಹೋಗುತ್ತಿದ್ದಿರಿ’ ಎಂದು ಕೇಳಿದರೆ ಕೈಯೇ ಉತ್ತರ ಹೇಳೀತು. ಹೀಗೆ ದೊರೆತುದನ್ನು ಉಳಿದಿರುವ ಮನೆಗಳೊಡನೆ, ಉದಾಹರಣೆಗೆ ತೀರ್ಥಹಳ್ಳಿ ತಾಲ್ಲೂಕಿನಲ್ಲಿ ವಸ್ತುಸಂಗ್ರಹಾಲಯವಾಗಿರುವ ಕುಪ್ಪಳಿಯ ಕವಿಮನೆಯೊಡನೆ, ಹೋಲಿಸಿ ತಿದ್ದಬೇಕು. ನೆನಪು ತಪ್ಪಬಹುದು, ಅಳತೆಯು ಅದನ್ನು ಹಿಡಿದು ನಿಲ್ಲಿಸುತ್ತದೆ.

ಇಕ್ಕೇರಿಯ ಕಂಬಗಳ ನಡುವೆ ಕೋಲಿಟ್ಟು ತನ್ನ ತೋಟದ ನ್ಯಾಯವನ್ನು ನೋಡಿಕೊಳ್ಳಲು ಅಂದಿನ ರೈತನಿಗೆ ಒಂದು ಕಟ್ಟಡವಿದ್ದಿತು. ನೀರೊಳಗಾದ ಊರುಗಳಿಗೆ ಅಂಥ ಕಟ್ಟಡ ಉಳಿದಿಲ್ಲ. ಅಳತೆ ತಪ್ಪದ ಒಂದು ಕಿರುಪ್ರತಿಕೃತಿಯಾದರೂ ಇರಲಿ ಎಂಬುದು ನಮ್ಮ ಆಶಯ. ಅದನ್ನು ಮಾಡತಕ್ಕವರು ನಮ್ಮ ವಿದ್ಯಾರ್ಥಿಗಳು. ಮಾಡತಕ್ಕ ಕಾಲವು ಹೇಳುವವರು ಇರುವಷ್ಟೇ.